ಅವ್ವ ಹೇಳಿದ ತೂಬು ಹುಡುಕುತ್ತಾ

‘ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಯಾವ ನಗರವನ್ನು ಕರೆಯುತ್ತಾರೆ?’ ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್, ಯಾವ ಪರೀಕ್ಷೆಗೆ ಓದುವವರೂ ಈ ಪ್ರಶ್ನೆಯನ್ನು ಒಮ್ಮೆಯಾದರೂ ದಾಟಿಯೇ ಬಂದಿರುತ್ತಾರೆ. ಉತ್ತರ ದಾವಣಗೆರೆ. ಮೂರು ವರ್ಷದಿಂದ ಇದೇ ಊರಿನಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ನಾನು ಈ ಉತ್ತರಕ್ಕೆ ಎಷ್ಟು ಸಲ ಟಿಕ್ ಹಾಕಿದ್ದೇನೋ ಲೆಕ್ಕವಿಲ್ಲ. ಆದರೆ ಓಡುತ್ತಿರುವ ಒಂದು ಹತ್ತಿ ಗಿರಣಿಯನ್ನೂ ಇಲ್ಲಿ ಕಣ್ಣಾರೆ ನೋಡಿಲ್ಲ. ಡಿಸಿಎಂ ಟೌನ್‌ಶಿಪ್ ಎಂಬ ಹೆಸರಿನಲ್ಲಿರುವ ಡಿಸಿಎಂ ಅಂದರೆ ಉಪಮುಖ್ಯಮಂತ್ರಿ ಅಲ್ಲ, ದಾವಣಗೆರೆ ಕಾಟನ್ ಮಿಲ್ಸ್ ಎಂದು ಗೊತ್ತಾಗಿದ್ದೇ ಹೋದ ವರ್ಷ.

ನಮ್ಮೂರು ಜಗಳೂರು ತಾಲ್ಲೂಕಿನ ಸೊಕ್ಕೆ. ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ. ಬರದಿದ್ದರೆ ಬೆಂಗಳೂರು ಬಸ್ಸು. ಒಂದು ದಿನ ಫೋನಿನಲ್ಲಿ ಮಾತಾಡುವಾಗ ಅವ್ವ ಸುಮ್ಮನೆ ಕೇಳಿದಳು: ‘ನಿನ್ ರೂಮು ಶಾಮನೂರು ಕಡೀಗೇನಪ್ಪಾ? ಆ ಕಡೀಗೆ ನಾವು ನಾಟಿಗೆ ಬರ್ತಿದ್ವಿ. ನಾಲೆ ದಂಡೆ ಮ್ಯಾಲೆ ಒಂದು ಹುಣಸೆ ಮರ, ಅದರ ಬುಡಕೇ ತೂಬು. ಅಲ್ಲೇ ಬುತ್ತಿ ಬಿಚ್ಚಿ ಉಣ್ತಿದ್ವಿ.’

ಅವ್ವ ನಾಟಿಗೆ ಹೋಗುತ್ತಿದ್ದಳೆಂಬುದು ಗೊತ್ತಿತ್ತು. ನಮ್ಮ ಸೀಮೆಯ ಹೆಂಗಸರು ಟ್ರ್ಯಾಕ್ಟರ್ ಹತ್ತಿ ‘ನೀರಾವರಿ ಕಡೆ’ ಹೋಗಿ, ಹದಿನೈದು ದಿನ ಯಾರದೋ ಕಣದಲ್ಲಿ ಮಲಗಿ, ಎಕರೆ ಲೆಕ್ಕದ ಗುತ್ತಿಗೆಯಲ್ಲಿ ಭತ್ತ ನೆಟ್ಟು ಬರುತ್ತಿದ್ದ ಕಾಲವದು. ಆದರೆ ಅವಳು ಬಗ್ಗಿ ನಿಂತಿದ್ದ ಗದ್ದೆಯ ಆಸುಪಾಸಿನಲ್ಲೇ ನಾನು ತಿಂಗಳ ಬಾಡಿಗೆ ಕಟ್ಟುತ್ತಿರಬಹುದು ಎಂದು ಹೊಳೆದಿರಲಿಲ್ಲ. ಮುಂದಿನ ಭಾನುವಾರ ಮಾಕ್ ಟೆಸ್ಟ್ ಬಿಟ್ಟು ತೂಬು ಹುಡುಕಲು ಹೊರಟೆ. ಜೊತೆಗೆ ರೂಮ್‌ಮೇಟ್. ಅವನದು ಮಲೇಬೆನ್ನೂರು ಕಡೆಯ ಹಳ್ಳಿ, ನಾಲೆಯಲ್ಲಿ ಈಜಿ ಬೆಳೆದವನು. ‘ನಾಲೆ ನೋಡೋಕೆ ಯಾರಾದ್ರೂ ಹೋಗ್ತಾರೇನಲೇ?’ ಎಂದು ನಗುತ್ತಲೇ ಬಂದ.

ಈ ನಾಲೆ ಹುಟ್ಟುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಅಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟುವ ಕೆಲಸ 1947ರಲ್ಲಿ ಶುರುವಾಗಿ 1960ರ ದಶಕದ ನಡುವೆ ಮುಗಿಯಿತು. ಗರಿಷ್ಠ ಮಟ್ಟ 186 ಅಡಿ. ಮಳೆಗಾಲದಲ್ಲಿ ದಾವಣಗೆರೆಯ ಟೀ ಅಂಗಡಿಗಳಲ್ಲಿ ‘ಇವತ್ತು ಎಷ್ಟು ಅಡಿ?’ ಅಂದರೆ ಇದೇ ಲೆಕ್ಕ. ಬಲದಂಡೆ ನಾಲೆ 103 ಕಿಲೋಮೀಟರ್ ಉದ್ದ. ಅದರಿಂದ ಮಲೇಬೆನ್ನೂರು ಶಾಖಾ ನಾಲೆ, ದಾವಣಗೆರೆ ಶಾಖಾ ನಾಲೆ ಹೀಗೆ ಕವಲುಗಳು. ಕವಲಿನಿಂದ ಉಪನಾಲೆ, ಉಪನಾಲೆಯಿಂದ ಸೀಳುಗಾಲುವೆ, ಅಲ್ಲಿಂದ ಗದ್ದೆಗೆ ಹೊಲಗಾಲುವೆ. ಗದ್ದೆ ಕುಡಿದು ಬಿಟ್ಟ ನೀರು ಬಸಿಗಾಲುವೆ ಸೇರಿ, ಹಳ್ಳ ಸೇರಿ, ತುಂಗಭದ್ರೆಗೆ ಹೋಗುತ್ತದೆ.

ನಾಲೆ ಹುಡುಕುವ ವಿದ್ಯೆಯನ್ನು ನನಗೆ ಕಲಿಸಿದವನು ರೂಮ್‌ಮೇಟ್. ನೀರನ್ನು ಪಂಪಿಲ್ಲದೆ ಹರಿಸಬೇಕಾದ್ದರಿಂದ ನಾಲೆ ಯಾವಾಗಲೂ ದಿಣ್ಣೆಯ ಅಂಚು ಹಿಡಿದು, ಸ್ವಲ್ಪವೇ ಇಳಿಜಾರಿನಲ್ಲಿ ಬಳಸಿಕೊಂಡು ಹೋಗುತ್ತದೆ. ಅದರ ಮೇಲಿನ ಬದಿಗೆ ನೀರಿಲ್ಲ, ಕೆಳಗಿನ ಬದಿಯೇ ಅಚ್ಚುಕಟ್ಟು. ಹಾಗಾಗಿ ತೂಬುಗಳೆಲ್ಲ ಕೆಳದಂಡೆಯಲ್ಲೇ ಇರುತ್ತವೆ. ಕೇಳಿದ ಮೇಲೆ ಸುಲಭ ಅನಿಸಿತು. ಅಷ್ಟು ಹೊತ್ತು ನಾನು ಮೇಲ್ದಂಡೆಯಲ್ಲಿ ಹುಣಸೆ ಮರ ಎಣಿಸುತ್ತಿದ್ದೆ.

ಶಾಮನೂರಿನ ಆಚೆ ದೊಡ್ಡ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಮುಂಗಾರು ಬೆಳೆಯ ನೀರು, ಕೆಂಪಗೆ, ಸದ್ದಿಲ್ಲದೆ. ದಂಡೆಯಲ್ಲಿ ಬಟ್ಟೆ ಒಗೆಯುವವರು, ಬೈಕು ತೊಳೆಯುವವರು, ರೀಲ್ಸ್ ಮಾಡುವವರು. ಅಲ್ಲಲ್ಲಿ ಗಣಪತಿ ಬಿಟ್ಟ ಮೇಲೆ ಉಳಿದ ಹಾರ, ಪ್ಲಾಸ್ಟಿಕ್ಕು. ಒಂದು ಬದಿಗೆ ಎದೆಮಟ್ಟದ ಹಸಿರು ಭತ್ತ, ಇನ್ನೊಂದು ಬದಿಗೆ ‘ಸೈಟುಗಳು ಮಾರಾಟಕ್ಕಿವೆ’ ಬೋರ್ಡು. ಒಂದೆರಡು ಕಿಲೋಮೀಟರ್ ನಡೆದ ಮೇಲೆ ಎರಡೂ ಬದಿಗೆ ಬೋರ್ಡೇ.

ಉಳಿದಿರುವ ನಾಲೆ ಕಾಣುವುದು ಕಷ್ಟವಲ್ಲ. ಕಷ್ಟ ಇರುವುದು ಹೋದವುಗಳದ್ದು. ಅವಕ್ಕೂ ಗುರುತಿದೆ. ಬಡಾವಣೆಯಲ್ಲಿ ರಸ್ತೆ ನೇರವಾಗಿರುತ್ತದೆ, ಕ್ರಾಸುಗಳೂ ನೇರ. ಆದರೆ ಒಂದು ಚರಂಡಿ ಮಾತ್ರ ಯಾರ ಮಾತೂ ಕೇಳದೆ ಸೊಟ್ಟಗೆ, ಮನೆಗಳ ಹಿಂದೆ ನುಸುಳಿಕೊಂಡು ಹೋಗುತ್ತಿದ್ದರೆ ಅದು ಚರಂಡಿಯಾಗಿ ಹುಟ್ಟಿದ್ದಲ್ಲ. ನಮ್ಮ ರೂಮಿನಿಂದ ನೂರು ಹೆಜ್ಜೆಯಲ್ಲೇ ಅಂಥದ್ದೊಂದಿದೆ. ದಿನಾ ಮೂಗು ಮುಚ್ಚಿಕೊಂಡು ದಾಟುತ್ತಿದ್ದೆ. ಅದರ ಬೆನ್ನು ಹಿಡಿದು ಹೋದರೆ ಒಂದು ಕಡೆ ಕಾಂಕ್ರೀಟ್ ಚಪ್ಪಡಿಯ ಕೆಳಗೆ ಮಾಯ. ಖಾಲಿ ಸೈಟೊಂದರಲ್ಲಿ ಮತ್ತೆ ಬಾಯಿ ತೆರೆದು, ಅಲ್ಲಿ ಎರಡು ಪಕ್ಕ ಕಲ್ಲು ಕಟ್ಟಿದ ಹಳೇ ಗೋಡೆ. ಹಲಗೆ ಇಳಿಬಿಡಲು ಕಲ್ಲಿನಲ್ಲಿ ಕೊರೆದ ಗಾಡಿ ಹಾಗೇ ಇದೆ. ಹಲಗೆ ಇಲ್ಲ. ನೀರು ಬಟ್ಟೆ ಒಗೆದ ಸೋಪಿನದು.

ನಾವು ನೆಲ ನೋಡುತ್ತಾ ಓಡಾಡುವುದನ್ನು ಕಂಡ ಅಜ್ಜ ಒಬ್ಬರು ಕಟ್ಟೆಯಿಂದಲೇ ಕೂಗಿದರು: ‘ಸೈಟ್ ನೋಡಾಕ್ ಬಂದೀರೇನ್ರಪ್ಪಾ?’ ಅಲ್ಲ, ತೂಬು ನೋಡಲು ಬಂದಿದ್ದೇವೆ ಎಂದಾಗ ಅವರ ಮುಖವೇ ಬದಲಾಯಿತು. ಮೊದಲು ಸೌಡಿ ಕೆಲಸ ಮಾಡಿದವರಂತೆ. ಗೊತ್ತಿಲ್ಲದವರಿಗೆ ಹೇಳಬೇಕು: ನಾಲೆಯಲ್ಲಿ ಯಾರಿಗೆ ಎಷ್ಟು ಹೊತ್ತು ನೀರು ಎಂದು ತೂಬು ಎತ್ತಿ ಇಳಿಸಿ ಕಾಯುವವನೇ ಸೌಡಿ.

‘ನೀರು ಬಿಟ್ಟ ರಾತ್ರಿ ಮನೀಗೆ ಹೋಗ್ತಿರ್ಲಿಲ್ಲ. ಮೇಲಿನೋರು ಕದ್ದು ತೂಬು ಎತ್ತಿದ್ರೆ ಕೆಳಗಿನೋರ ಮಡಿ ಒಣಗ್ತಿತ್ತು. ಟಾರ್ಚು, ಕೋಲು, ಕಂಬಳಿ ಹಿಡ್ಕೊಂಡು ಇಲ್ಲೇ ಕೂರ್ತಿದ್ದೆ’ ಎಂದು ಅವರು ತೋರಿಸಿದ ಜಾಗದಲ್ಲಿ ಈಗ ಟ್ರಾನ್ಸ್‌ಫಾರ್ಮರ್ ಇದೆ. ಗದ್ದೆಗಳು ಸೈಟಾದಾಗ ಹೊಲಗಾಲುವೆಗೆ ಪೈಪು ಹಾಕಿ ಮುಚ್ಚಿದರು, ಬಸಿಗಾಲುವೆಯನ್ನು ಕಿರಿದು ಮಾಡಿ ಚರಂಡಿ ಮಾಡಿದರು ಎಂದರು. ಜೋರು ಮಳೆ ಬಂದಾಗಲೆಲ್ಲ ನಮ್ಮ ಹಿಂದಿನ ಕ್ರಾಸಿನಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ಏಕೆಂದು ಅಲ್ಲಿಗೆ ಅರ್ಥವಾಯಿತು. ಗದ್ದೆ ಬಯಲಿನ ಅತಿ ತಗ್ಗು ಗೆರೆಯೇ ಬಸಿಗಾಲುವೆ. ಅದರ ಮೇಲೆ ಮನೆ ಕಟ್ಟಬಹುದು, ತಗ್ಗನ್ನು ಬೇರೆ ಕಡೆ ಒಯ್ಯಲಾಗುವುದಿಲ್ಲ.

ಮ್ಯಾಂಚೆಸ್ಟರ್ ವಿಷಯಕ್ಕೆ ಮತ್ತೆ ಬರುತ್ತೇನೆ. ಇಂಗ್ಲೆಂಡಿನ ಆ ನಗರಕ್ಕೂ ನಾಲೆಗೂ ಭಾರೀ ನಂಟು. 1761ರಲ್ಲಿ ತೆರೆದ ಬ್ರಿಜ್‌ವಾಟರ್ ನಾಲೆ ಗಣಿಯಿಂದ ದೋಣಿಯಲ್ಲಿ ಕಲ್ಲಿದ್ದಲು ತಂದಿದ್ದರಿಂದ ಅಲ್ಲಿ ಅದರ ಬೆಲೆಯೇ ಅರ್ಧಕ್ಕಿಳಿಯಿತು. ಗಿರಣಿಗಳು ನಾಲೆಯ ದಂಡೆಗೆ ಅಂಟಿಕೊಂಡು ಬೆಳೆದವು. ನಮ್ಮ ಮ್ಯಾಂಚೆಸ್ಟರಿನ ಕಥೆ ಉಲ್ಟಾ. ಹೈದರಾಲಿ ಈ ಊರನ್ನು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ ಕಾಲದಿಂದ ಇದು ವ್ಯಾಪಾರಿಗಳ ಊರು. ಆಮೇಲೆ ರೈಲು ಬಂತು. ಸುತ್ತಲಿನ ಬೆದ್ದಲು ಸೀಮೆಯ ಹತ್ತಿ ಇಲ್ಲಿಗೆ ಬರುತ್ತಿದ್ದುದರಿಂದ 1930ರ ದಶಕದಲ್ಲಿ ಗಿರಣಿ ಎದ್ದಿತು. ಒಂದರ ಹಿಂದೆ ಒಂದು ಬೆಳೆದವು. ಆಗ ನಾಲೆ ಇನ್ನೂ ಇರಲೇ ಇಲ್ಲ.

ನಾಲೆ ಬಂದ ಮೇಲೆ ಹತ್ತಿ, ಜೋಳ ಬೆಳೆಯುತ್ತಿದ್ದ ಹೊಲ ಭತ್ತದ ಗದ್ದೆಯಾಯಿತು. ಗಿರಣಿ ಮುಚ್ಚಿದ್ದಕ್ಕೆ ನಾಲೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹಳೇ ಯಂತ್ರ, ಮುಷ್ಕರ, ಪವರ್‌ಲೂಮಿನ ಪೈಪೋಟಿ, ದೇಶದ ಎಷ್ಟೋ ಗಿರಣಿ ಊರುಗಳ ಗತಿ ಇಲ್ಲೂ ಆಯಿತು. ಆದರೆ ಗಿರಣಿಯ ಸೈರನ್ ನಿಂತ ಮೇಲೂ ಊರು ನಿಲ್ಲಲಿಲ್ಲ ಎಂಬುದಕ್ಕೆ ಈ ಭತ್ತವೂ ಒಂದು ಕಾರಣ. ರೈಸ್‌ಮಿಲ್ಲುಗಳು, ಮಂಡಕ್ಕಿ ಭಟ್ಟಿಗಳು, ಮಿರ್ಚಿ ಜೊತೆ ನಾವು ತಿನ್ನುವ ಮಂಡಕ್ಕಿ, ಅಷ್ಟೇಕೆ ಬೆಣ್ಣೆ ದೋಸೆಯ ಅಕ್ಕಿಯೂ ಗದ್ದೆಯಿಂದಲೇ ಬರಬೇಕು. ಪರೀಕ್ಷೆಯಲ್ಲಿ ಮಾತ್ರ ಇಂದಿಗೂ ಹತ್ತಿಯನ್ನೇ ಕೇಳುತ್ತಾರೆ.

ನಗರ ಕುಡಿಯುವ ನೀರಿನಲ್ಲೂ ನಾಲೆಯದ್ದು ದೊಡ್ಡ ಪಾಲಿದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುವ ನೀರು ಒಂದು ಕಡೆ. ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಗೆ ತುಂಬುವ ಭದ್ರಾ ನಾಲೆಯ ನೀರು ಇನ್ನೊಂದು ಕಡೆ. ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕ್ ಮಾಡುವ ಎಷ್ಟು ಜನರಿಗೆ ಅದು ಲಕ್ಕವಳ್ಳಿಯಿಂದ ನಡೆದು ಬಂದ ನೀರು ಎಂದು ಗೊತ್ತೋ. ಅಂದಹಾಗೆ ಊರಿನ ಹೆಸರಲ್ಲೇ ಕೆರೆ ಇದೆ. ದಂಡಿನ ಕುದುರೆಗಳನ್ನು ದಾವಣಿ ಹಾಕಿ ಕಟ್ಟಿ ನೀರು ಕುಡಿಸುತ್ತಿದ್ದ ಕೆರೆಯಿಂದ ದಾವಣಗೆರೆ ಎಂಬ ಹೆಸರು ಬಂತೆಂದು ಹೇಳುವವರಿದ್ದಾರೆ. ಆ ಕೆರೆ ಎಲ್ಲಿ ಎಂದು ನಾನು ಕೇಳಿದ ನಾಲ್ಕು ಜನ ನಾಲ್ಕು ದಿಕ್ಕು ತೋರಿಸಿದರು.

ಎಲ್ಲ ನಾಲೆಗಳಿಗೂ ಇದೇ ಗತಿ ಎಂದೇನಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಿ. ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ, ಹರಿದ್ರಾವತಿ ಹಳ್ಳಕ್ಕೆ ಏರಿ ಹಾಕಿದ ಆ ಕೆರೆಯ ಎರಡು ಕಾಲುವೆಗಳಿಗೆ ಸಿದ್ಧನಾಲೆ, ಬಸವನಾಲೆ ಎಂಬ ಹೆಸರು ಇಂದಿಗೂ ಇದೆ. ಹೆಸರಿಟ್ಟು ಕರೆಯುವ ಜನ ಇದ್ದಾರೆ. ನಮ್ಮ ಬಡಾವಣೆಯ ಹೊಲಗಾಲುವೆಗೆ ಇದ್ದಿದ್ದು ಬರೀ ನಂಬರು. ಅದು ಸೌಡಿ ಅಜ್ಜನಿಗಷ್ಟೇ ನೆನಪಿತ್ತು.

ನಾಲೆ ಇದ್ದವರ ಕಷ್ಟವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಾಲೆಯ ತಲೆಯಲ್ಲಿರುವವರಿಗೆ ನೀರು ಬಾಗಿಲಲ್ಲೇ ಇರುತ್ತದೆ, ದಾವಣಗೆರೆ ಕಡೆಯ ಕೊನೆಭಾಗದವರು ಕಾಯಬೇಕು. ಮೇಲಿನ ಭಾಗದಲ್ಲಿ ನಾಲೆಗೇ ಪಂಪ್‌ಸೆಟ್ ಇಟ್ಟು ತೋಟಕ್ಕೆ ನೀರೆತ್ತುತ್ತಾರೆಂಬ ದೂರು ಪ್ರತಿ ವರ್ಷದ್ದು. ಬರ ಬಿದ್ದ 2023ರಲ್ಲಿ ನೂರು ದಿನ ನಿರಂತರ ನೀರು ಕೊಡಿ ಎಂದು ರೈತರು ಬೀದಿಗಿಳಿದರು, ಸೆಪ್ಟೆಂಬರ್‌ನಲ್ಲಿ ದಾವಣಗೆರೆ ಬಂದ್ ಕೂಡ ಆಯಿತು. ಆ ದಿನ ನಮ್ಮ ಕೋಚಿಂಗ್ ಕ್ಲಾಸಿಗೆ ರಜೆ ಎಂದು ಖುಷಿಪಟ್ಟು ಮಲಗಿದ್ದವರಲ್ಲಿ ನಾನೂ ಒಬ್ಬ. ರೂಮ್‌ಮೇಟ್ ಮಾತ್ರ ಬೆಳಿಗ್ಗೆಯಿಂದ ಅವನಪ್ಪನಿಗೆ ಫೋನ್ ಮಾಡುತ್ತಲೇ ಇದ್ದ. ಇವನದ್ಯಾಕಪ್ಪಾ ಇಷ್ಟು ಗೋಳು ಎಂದುಕೊಂಡಿದ್ದೆ.

ನಮ್ಮ ಜಗಳೂರಿನದು ಇನ್ನೂ ಕಾಯುವ ಸರದಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನಮ್ಮ ತಾಲ್ಲೂಕಿನ ಹೆಸರಿದೆ. ತುಂಗೆ ಮತ್ತು ಭದ್ರೆಯಿಂದ ಒಟ್ಟು 29.9 ಟಿಎಂಸಿ ಅಡಿ ನೀರನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಬರದ ಸೀಮೆಗೆ ಕೊಡುವ ಯೋಜನೆ ಅದು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದಾಗ ನಮ್ಮೂರ ಕಟ್ಟೆಯಲ್ಲಿ ಅದೇ ಮಾತು. ಇನ್ನೊಂದು ಕಡೆ ಹರಿಹರದ ಹತ್ತಿರ ದೀಟೂರಿನಿಂದ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ. ತುಪ್ಪದಹಳ್ಳಿ ಕೆರೆಗೆ ನೀರು ಬಂದಾಗ ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿ ಬಂದರು. ಮೇಲ್ದಂಡೆಯಲ್ಲಿ ಹೊಲಕ್ಕೆ ಕೊಡುವುದು ಹನಿ ನೀರಾವರಿಯಂತೆ. ನೀರು ಪೋಲಾಗದಿರಲು ಅದೇ ಸರಿ, ಒಪ್ಪುತ್ತೇನೆ. ಆದರೆ ಅಪ್ಪ ‘ನಾಲೆ ಬರ್ತೈತೆ, ಹೊಲ ಮಾರೋದು ಬ್ಯಾಡ’ ಎಂದು ಹತ್ತು ವರ್ಷದಿಂದ ತಡೆದಿಟ್ಟ ಆ ಮೂರೆಕರೆಯ ಪಕ್ಕದಲ್ಲಿ ಹರಿಯುವ ನಾಲೆ ಎಂಬುದು ಬರಲಿಕ್ಕಿಲ್ಲ. ಬಂದರೆ ಪೈಪು ಬರುತ್ತದೆ. ಇದನ್ನು ಅಪ್ಪನಿಗೆ ಹೇಗೆ ಹೇಳುವುದೋ ತಿಳಿಯದೆ ಇನ್ನೂ ಹೇಳಿಲ್ಲ.

ಅಂದು ಸಂಜೆಯ ಹೊತ್ತಿಗೆ ನಮಗೆ ಮೂರು ತೂಬು ಸಿಕ್ಕವು. ಒಂದರ ಹತ್ತಿರ ಮರವೇ ಇಲ್ಲ. ಇನ್ನೊಂದರ ಹತ್ತಿರ ಬೇವಿನ ಮರ. ಮೂರನೆಯದರ ಪಕ್ಕ ಹುಣಸೆ ಮರವಿತ್ತು. ಅದರ ಬುಡಕ್ಕೆ ಯಾರೋ ಮನೆ ಕೆಡವಿದ ಮಣ್ಣು, ಹೆಂಚಿನ ಚೂರು ಸುರಿದಿದ್ದರು. ತೂಬಿನ ಕಬ್ಬಿಣದ ಬಾಗಿಲು ತುಕ್ಕು ಹಿಡಿದು ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಸಂದಿಯಿಂದ ಬೆರಳು ಗಾತ್ರದ ನೀರು ಜಿನುಗುತ್ತಿತ್ತು. ಕೆಳಗೆ ಕೊನೆಗುಳಿದ ಒಂದು ಗದ್ದೆ, ಅದರಾಚೆ ನಮ್ಮ ಬಡಾವಣೆಯ ನೀರಿನ ಟ್ಯಾಂಕು.

ಫೋಟೊ ತೆಗೆದು ತಂಗಿಯ ಫೋನಿಗೆ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಅವ್ವನ ಫೋನು ಬಂತು.

‘ಇದೋ ಅಲ್ವೋ ಗೊತ್ತಾಗಲ್ಲಪ್ಪಾ. ಆಗ ಮರ ಇಷ್ಟು ಸಣ್ಣಗಿರ್ಲಿಲ್ಲ. ಇಲ್ಲಾಂದ್ರೆ ನಾನೇ ಸಣ್ಣಾಕಿ ಇದ್ನೇನೋ’ ಎಂದು ನಕ್ಕಳು. ಆಮೇಲೆ, ‘ಕೆಳಗಡೆ ಗದ್ದೆ ಐತಲ್ಲ, ಯಾರು ನಾಟಿ ಮಾಡಿದ್ರಂತೆ?’ ಎಂದು ಕೇಳಿದಳು.

ಆ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ. ವಾಪಸ್ ಬರುವಾಗ ಅಜ್ಜನನ್ನು ವಿಚಾರಿಸಿದೆವು. ‘ಈಗ ಬಿಹಾರದ ಕಡೀ ಹುಡುಗ್ರು ಬರ್ತಾರೆ, ಗಂಡಸ್ರೇ ನೆಡ್ತಾರೆ’ ಎಂದರು. ಅವ್ವನಿಗೆ ಹೇಳಿದರೆ ನಂಬಲೇ ಇಲ್ಲ. ಮೆಕ್ಕೆಜೋಳ ಮುರಿದ ಮೇಲೆ ಒಂದು ದಿನ ಬಂದು ತಾನೇ ನೋಡುತ್ತಾಳಂತೆ.