ಗೋಡೆಯೊಳಗಿನ ಹಸಿರು ವೈರು

ತಿಪಟೂರಿನ ಎಲೆಕ್ಟ್ರಿಕಲ್ ಅಂಗಡಿಯೊಂದರ ಮುಂದೆ, ಶಟರ್ ಏಳುವುದಕ್ಕೂ ಮೊದಲೇ ಬೈಕುಗಳು ಬಂದು ನಿಲ್ಲುತ್ತವೆ. ಒಂದರ ಹಿಂದೆ ಮಡಚುವ ಏಣಿ, ಇನ್ನೊಂದರ ಪಕ್ಕಕ್ಕೆ ಕಟ್ಟಿದ ಪೈಪುಗಳು, ಮತ್ತೊಂದರ ಹ್ಯಾಂಡಲ್ಲಿಗೆ ತೂಗುಬಿದ್ದ ಕ್ಯಾನ್ವಾಸ್ ಚೀಲ. ಕಟ್ಟೆಯ ಮೇಲೆ ಕೂತವರ ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಟೆಸ್ಟರು. ಬೆಳಗಿನ ಗಾಳಿಯಲ್ಲಿ ಕೊಬ್ಬರಿಯ ವಾಸನೆ. ಶಟರ್ ಎದ್ದೊಡನೆ ಹೊಸ ಪಿವಿಸಿಯ ವಾಸನೆ ಬಂದು ಅದರ ಜೊತೆ ಬೆರೆಯುತ್ತದೆ. ಒಳಗೆ ಗೋಡೆಯುದ್ದಕ್ಕೂ ಪೇರಿಸಿಟ್ಟ ವೈರಿನ ಸುರುಳಿಗಳು: ಕೆಂಪು, ಹಳದಿ, ನೀಲಿ, ಕಪ್ಪು. ಕೊನೆಯ ಸಾಲಿನಲ್ಲಿ ಹಸಿರು.

ಅಕ್ಕನ ಮಗ ಆ ಕಟ್ಟೆಯ ತುದಿಯಲ್ಲಿ, ಇನ್ನೂ ಪೂರ್ತಿ ಕೂರುವ ಹಕ್ಕು ಬಂದಿಲ್ಲವೆಂಬಂತೆ ಅರ್ಧ ಕೂತಿದ್ದ. ಅವನಿಗೆ 24. ಬೆಂಗಳೂರಿನ ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ ಬಿಟ್ಟು ಸಂಕ್ರಾಂತಿಗೆ ಬಂದವನು ಹಿಂತಿರುಗಲಿಲ್ಲ. ವೈರಿಂಗ್ ಕಲಿತು ಸ್ವಂತ ಕೆಲಸ ಮಾಡುತ್ತೇನೆ ಅಂದ. ಮನೆಯಲ್ಲಿ ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಪರಿಚಯದ ಮೇಸ್ತ್ರಿಯೊಬ್ಬರ ಹಿಂದೆ ಮೂರು ವಾರ ಹೆಲ್ಪರ್ ಆಗಿ ಓಡಾಡು, ಆಮೇಲೆ ನೋಡೋಣ ಎಂದಿದ್ದೆವು. ಮೂರನೆಯ ವಾರದ ಒಂದು ದಿನ ನಾನೂ ಜೊತೆಗೆ ಹೋದೆ.

ಊರಾಚೆಯ ಹೊಸ ಬಡಾವಣೆಯಲ್ಲಿ ಎರಡು ಅಂತಸ್ತಿನ ಮನೆ. ಪ್ಲಾಸ್ಟರಿಂಗ್ ಮುಗಿದಿತ್ತು, ಕಿಟಕಿಗಳಿಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ. ಗೋಡೆ ಕೊರೆದ ಸೀಳುಗಳೆಲ್ಲ ಗಿಲಾವಿನಡಿ ಮುಚ್ಚಿಹೋಗಿ, ಸ್ವಿಚ್ ಬೋರ್ಡಿನ ಖಾಲಿ ಡಬ್ಬಗಳು ಮಾತ್ರ ಕಾಣುತ್ತಿದ್ದವು. ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಮುಂಚೆಯೇ ಕಂಬಿಗಳ ನಡುವೆ ಪೈಪು ಹಾಸಿ, ಫ್ಯಾನ್ ಬಾಕ್ಸ್ ಕಟ್ಟಿರಬೇಕು. ಸೆಂಟ್ರಿಂಗಿನವರ ಕಾಲಡಿ ಒಂದು ಪೈಪು ಅಪ್ಪಚ್ಚಿಯಾದರೂ ಗೊತ್ತಾಗುವುದು ತಿಂಗಳುಗಳ ಮೇಲೆ, ವೈರು ಎಳೆಯುವ ಇಂಥ ದಿನ.

ಮೇಸ್ತ್ರಿ ಕೆಳಗೆ, ಹುಡುಗ ಮೇಲೆ. ಮೇಲಿನ ಡಬ್ಬದಿಂದ ಉಕ್ಕಿನ ಸ್ಪ್ರಿಂಗು ಪೈಪಿನೊಳಗೆ ಸರಸರ ಇಳಿದು ಒಂದು ತಿರುವಿನಲ್ಲಿ ನಿಂತಿತು. 'ಅಲ್ಲಾಡ್ಸು. ತಳ್ಬೇಡ, ಅಲ್ಲಾಡ್ಸು.' ಹುಡುಗ ಮಣಿಕಟ್ಟು ತಿರುಗಿಸಿದ. ಸ್ಪ್ರಿಂಗಿನ ತುದಿ ಕೆಳಗಿನ ಡಬ್ಬದಲ್ಲಿ ಹೊರಬಂತು. ಮೇಸ್ತ್ರಿ ಮೂರು ವೈರಿನ ತುದಿ ಹೆರೆದು, ಸ್ಪ್ರಿಂಗಿನ ಕಣ್ಣಿಗೆ ಪೋಣಿಸಿ, ಟೇಪು ಸುತ್ತಿ, ಮೇಲೆ ಒಂದಿಷ್ಟು ಪೌಡರ್ ಸವರಿದರು. 'ಎಳಿ.' ಕೆಂಪು, ಕಪ್ಪು, ಹಸಿರು ಒಟ್ಟಿಗೆ ಗೋಡೆಯೊಳಗೆ ಹೊಕ್ಕವು. ಒಬ್ಬ ಎಳೆಯುವ ಲಯಕ್ಕೆ ಇನ್ನೊಬ್ಬ ಬಿಡಬೇಕು. ಬಿಡುವವನು ಅರೆಕ್ಷಣ ಮೈಮರೆತರೂ ವೈರು ಗಂಟಾಗುತ್ತದೆ, ಸಿಪ್ಪೆ ಸುಲಿಯುತ್ತದೆ. ಕಾಣದ ಜಾಗದಲ್ಲಿ ಸುಲಿದ ಸಿಪ್ಪೆ ಮಳೆಗಾಲದಲ್ಲಿ ಗೋಡೆ ತೇವ ಕುಡಿದಾಗ ಮಾತಾಡುತ್ತದೆ.

ವೈರಿನ ಲೆಕ್ಕ ಮೇಸ್ತ್ರಿಗೆ ಮಗ್ಗಿಯಷ್ಟೇ ಕಂಠಪಾಠ. ಲೈಟಿಗೆ ಒಂದು ಚದರ ಮಿಲಿಮೀಟರ್, ಪ್ಲಗ್ಗಿಗೆ ಒಂದೂವರೆ, ಪವರ್ ಪ್ಲಗ್ಗಿಗೆ ಎರಡೂವರೆ, ಎಸಿಗೆ ನಾಲ್ಕು. ಮೈಮರೆತಾಗ ಬಾಯಿಗೆ ಬರುವುದು ಹಳೆಯ ತ್ರೀ ಟ್ವೆಂಟಿ, ಸೆವೆನ್ ಟ್ವೆಂಟಿ ಎಂಬ ಗೇಜಿನ ಹೆಸರುಗಳೇ. ಹುಡುಗ ಪ್ಲಾಸ್ಟರಿನ ಮೇಲೆ ಪೆನ್ಸಿಲಿನಲ್ಲಿ ಬರೆದ: 2000 ವಾಟಿನ ಗೀಸರ್, 230 ವೋಲ್ಟ್, ಭಾಗಿಸಿದರೆ 8.7 ಆಂಪಿಯರ್. ಮೇಸ್ತ್ರಿ ಕನ್ನಡಕ ಏರಿಸಿ ನೋಡಿದರು. ಅವರು ಆ ಉತ್ತರವನ್ನು ಇಷ್ಟು ವರ್ಷ ಕೈಯಿಂದ ಕಂಡುಕೊಂಡವರು. ಗೀಸರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಪ್ಲಗ್ಗನ್ನು ಮುಟ್ಟಿದರೆ ಅಂಗೈಗೆ ಬಿಸಿ ತಾಗಿತೋ, ಎಲ್ಲೋ ಸಡಿಲವಿದೆ. 'ನಂಗೆ ಬಿಸಿಯಾದ ಮೇಲೆ ಗೊತ್ತಾಗುತ್ತೆ, ನಿಂಗೆ ಮೊದ್ಲೇ ಗೊತ್ತಾಯ್ತು' ಅಂದರು. ಅದನ್ನು ಅವರು ಮೆಚ್ಚಿಕೊಂಡೇ ಹೇಳಿದ್ದು.

ಮಧ್ಯಾಹ್ನ ಸಿಮೆಂಟ್ ಚೀಲ ಹಾಸಿ ಬುತ್ತಿ ಬಿಚ್ಚಿದಾಗ ಅವರ ಕಥೆ ಬಂತು. ಅವರು ಕೈ ಹಚ್ಚಿದ್ದು ಕೆಇಬಿ ಕಾಲದಲ್ಲಿ, ಭಾಗ್ಯಜ್ಯೋತಿ ಮನೆಗಳಲ್ಲಿ. ಒಂದು ಮನೆಗೆ ಒಂದು ಬಲ್ಬು, ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ಒಂದು ಜೊತೆ ವೈರು. ಬಲ್ಬು ಹತ್ತಿದ ಸಂಜೆ ಆ ಮನೆಯ ಅಜ್ಜಿಯೊಬ್ಬರು ಅದಕ್ಕೆ ಕೈ ಮುಗಿದಿದ್ದು ಅವರಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಈಗ ಅವರು ಕೂತಿದ್ದ ಮನೆಯಲ್ಲಿ ಅಡುಗೆಕೋಣೆಯೊಂದಕ್ಕೇ ಒಂಬತ್ತು ಪಾಯಿಂಟು. ಮಿಕ್ಸಿ, ಫ್ರಿಜ್ಜು, ಓವನ್, ಇಂಡಕ್ಷನ್, ನೀರಿನ ಫಿಲ್ಟರು, ಚಿಮಣಿ. ಗೇಟಿನ ಪಕ್ಕ ಸ್ಕೂಟರ್ ಚಾರ್ಜ್ ಮಾಡಲು ಒಂದು, ಮುಂದೆಂದಾದರೂ ಸೋಲಾರ್ ಬಂದರೆ ಎಂದು ತಾರಸಿಯಿಂದ ಇಳಿಸಿಟ್ಟ ಖಾಲಿ ಪೈಪು ಒಂದು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿವರೆಗೆ ಸಹಾಯಧನವಿದೆ ಎಂದು ಹುಡುಗ ಹೇಳಿದ. ಕೆಲಸಕ್ಕೆ ಬರವಿಲ್ಲ ಎಂಬ ಮಾತಿನಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಆದರೆ ಮೇಸ್ತ್ರಿಗೆ ಇಂದಿಗೂ ಸ್ವಂತ ಹೆಸರಿನ ಲೈಸೆನ್ಸ್ ಇಲ್ಲ. ಮನೆಯೊಳಗೆ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಲು ಕಾನೂನು ಯಾರ ಕಾಗದವನ್ನೂ ಕೇಳುವುದಿಲ್ಲ. ಹೊಸ ವೈರಿಂಗ್ ಮಾಡಲು, ಇರುವುದಕ್ಕೆ ಸೇರಿಸಲು ಲೈಸೆನ್ಸ್ ಪಡೆದ ಗುತ್ತಿಗೆದಾರ ಬೇಕು, ಕೈಯಿಟ್ಟು ಕೆಲಸ ಮಾಡುವವನಿಗೆ ಪರ್ಮಿಟ್ ಬೇಕು. ರಾಜ್ಯದಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಮನೆ ಪೂರ್ತಿ ವೈರಿಂಗ್ ಮಾಡಿ ಮುಗಿಸಿದ ಮೇಸ್ತ್ರಿ, ಬೆಸ್ಕಾಂ ಮೀಟರ್ ಬರುವ ಹೊತ್ತಿಗೆ ಬೇರೊಬ್ಬರ ಸಹಿಗೆ ಕಾಯಬೇಕು, ಆ ಸಹಿಗೆ ತಮ್ಮ ಕೂಲಿಯಿಂದಲೇ ಕೊಡಬೇಕು. 'ಕೆಲ್ಸ ನಂದು, ಹೆಸ್ರು ಅವ್ರದ್ದು' ಎಂದು ಅನ್ನದ ಮೇಲೆ ಸಾರು ಸುರಿದುಕೊಂಡರು. ಆಮೇಲೆ ಹುಡುಗನ ಕಡೆ ತಿರುಗಿ, 'ನನ್ ಥರ ಆಗ್ಬೇಡ, ಐಟಿಐ ಮಾಡು' ಅಂದರು.

ಎಲೆಕ್ಟ್ರಿಷಿಯನ್ ಟ್ರೇಡು ಎರಡು ವರ್ಷ. ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಸಾಕು, 24 ತಡವೇನಲ್ಲ. ಅವನಿಗಿಂತ ಏಳೆಂಟು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂರಬೇಕು, ಅಷ್ಟೆ. ನಿಜವಾದ ತೊಡಕು ಆ ಎರಡು ವರ್ಷ ಮನೆ ನಡೆಯುವುದು ಹೇಗೆ ಎಂಬುದು. ಭಾವನಿಗಿರುವುದು ಒಂದೂವರೆ ಎಕರೆ ತೆಂಗು, ಕೊಬ್ಬರಿಯ ಬೆಲೆ ಯಾವತ್ತೂ ಹೇಳಿ ಕೇಳಿ ಏರಿದ್ದಲ್ಲ, ಇಳಿದದ್ದಲ್ಲ. ಗೋದಾಮಿನಿಂದ ಬರುತ್ತಿದ್ದ ಸಂಬಳದಲ್ಲಿ ತಂಗಿಯ ಕಾಲೇಜು ನಡೆಯುತ್ತಿತ್ತು. ಭಾನುವಾರಗಳಲ್ಲಿ ಮೇಸ್ತ್ರಿಯ ಜೊತೆ ಕೆಲಸ ಮಾಡಿದರೆ ಎಷ್ಟು ಬರುತ್ತದೆ ಎಂದು ಹುಡುಗ ಬೆರಳು ಮಡಚಿ ಎಣಿಸುತ್ತಿದ್ದ. ನನ್ನ ಅಭಿಪ್ರಾಯ ಕೇಳಿದ್ದಕ್ಕೆ ಹೇಳಿದೆ: ಓದು, ಆದರೆ ಸರ್ಟಿಫಿಕೇಟ್ ಕೈಗೆ ಬಂದ ಮಾರನೆಯ ದಿನವೇ ಬೋರ್ಡು ಹಾಕಬೇಡ. ತರಗತಿಯ ಹಲಗೆಯ ಮೇಲೆ ಮಾಡಿದ ವೈರಿಂಗಿಗೆ ಗೋಡೆ ಇರುವುದಿಲ್ಲ, ತಿರುವಿನಲ್ಲಿ ಸಿಕ್ಕಿಕೊಳ್ಳುವ ಸ್ಪ್ರಿಂಗು ಇರುವುದಿಲ್ಲ. ಒಂದೆರಡು ವರ್ಷ ಇಂಥವರ ಕೈಕೆಳಗೆ ಇರು.

ಊಟವಾದ ಮೇಲೆ ಹಿತ್ತಲಿನಲ್ಲಿ ಅರ್ತ್ ಗುಂಡಿ. ಎರಡೂವರೆ ಮೀಟರಿನ ಜಿಐ ಪೈಪು, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ, ಮತ್ತೆ ಇದ್ದಿಲು. ನೀರು ಹೊಯ್ದಾಗ ಇದ್ದಿಲು ಸುಯ್ಯೆಂದು ಉಸಿರು ಬಿಟ್ಟಿತು. ಮನೆಯ ಮಾಲೀಕರು ಗುಂಡಿಯ ಪಕ್ಕ ನಿಂತು, ಇಷ್ಟೆಲ್ಲ ಬೇಕಾ, ಎಂಸಿಬಿ ಹಾಕಿದೀವಲ್ಲ ಅಂದರು. ಮೇಸ್ತ್ರಿ ಸೊಂಟ ನೆಟ್ಟಗೆ ಮಾಡಿ, 'ಅದು ವೈರು ಕಾಯುತ್ತೆ ಸಾರ್, ಮನುಷ್ಯನ್ನಲ್ಲ' ಅಂದರು. ಮಾತು ಅಕ್ಷರಶಃ ನಿಜ. 16 ಆಂಪಿಯರಿನ ಎಂಸಿಬಿ ಅಷ್ಟು ಕರೆಂಟು ಮೀರುವತನಕ ಸುಮ್ಮನಿರುತ್ತದೆ. ಮನುಷ್ಯನ ಎದೆ ನಿಲ್ಲಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗವೇ ಹೆಚ್ಚಾಯಿತು. ಅದನ್ನು ತಡೆಯಲು ಅರ್ತ್ ಗಟ್ಟಿಯಿರಬೇಕು, ಜೊತೆಗೆ 30 ಮಿಲಿ ಆಂಪಿಯರ್ ಸೋರಿದರೆ ಬೀಳುವ ಆರ್‌ಸಿಸಿಬಿ ಇರಬೇಕು. ಮಾಲೀಕರು ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದರು. ಇಟಾಲಿಯನ್ ಟೈಲ್ಸ್ ತೋರಿಸಿದ ಉತ್ಸಾಹ ಅದರಲ್ಲಿರಲಿಲ್ಲ, ಆದರೂ ಒಪ್ಪಿದರು. ಮಣ್ಣೊಳಗೆ ಹೋಗುವ ಉಪ್ಪಿಗೆ, ಗೋಡೆಯೊಳಗೆ ಹೋಗುವ ಅರ್ತಿನ ಹಸಿರು ವೈರಿಗೆ ದುಡ್ಡು ಕೇಳುವುದೇ ಈ ಕಸುಬಿನ ಕಷ್ಟದ ಭಾಗ ಎಂದು ನನಗೆ ಅಲ್ಲಿ ಅನಿಸಿತು. ಏಣಿ ಹತ್ತುವುದು ಅಷ್ಟು ಕಷ್ಟವಲ್ಲ.

ಸಂಜೆ ಲೆಕ್ಕದ ಹೊತ್ತು. ಮೇಸ್ತ್ರಿಯ ಪಾಕೆಟ್ ಬುಕ್ಕಿನಲ್ಲಿ ಹಿಂದಿನ ಮೂರು ಮನೆಗಳ ಬಾಕಿ ಪೆನ್ಸಿಲಿನಲ್ಲಿ ಬರೆದಿತ್ತು. ಎಲ್ಲರೂ ಗೃಹಪ್ರವೇಶ ಮುಗೀಲಿ ಅಂದವರೇ. ಗೃಹಪ್ರವೇಶ ಮುಗಿದ ಮೇಲೆ ಕೈಯಲ್ಲಿ ದುಡ್ಡು ಉಳಿದ ಮನೆ ಎಲ್ಲಿದೆ? ಸ್ವಂತ ಕೆಲಸ ಅಂದರೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಏಣಿಯಿಂದ ಬಿದ್ದರೆ ಆ ತಿಂಗಳ ದುಡಿಮೆಯಿಲ್ಲ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮೇಸ್ತ್ರಿಯ ಪರ್ಸಿನಲ್ಲಿ ಆ ಕಾರ್ಡಿತ್ತು, ಅಂಚು ಸವೆದು ಬಿಳಿಯಾಗಿತ್ತು. ಹುಡುಗ ಅದನ್ನು ಕೈಗೆ ತೆಗೆದುಕೊಂಡು ಎರಡೂ ಬದಿ ಓದಿದ.

ದಾರಿಯಲ್ಲಿ ಅವನು ಏನೂ ಮಾತಾಡಲಿಲ್ಲ. ತಲೆಗೂದಲಲ್ಲಿ ಸಿಮೆಂಟಿನ ಬೂದಿ, ಬೆರಳ ತುದಿಗಳಲ್ಲಿ ತಾಮ್ರದೆಳೆ ಗೀರಿದ ಸಣ್ಣ ಸಣ್ಣ ಗಾಯ. ಮನೆಗೆ ಬಂದು ಮುಖ ತೊಳೆಯುವ ಮುಂಚೆಯೇ ಮೆಯಿನ್ ಸ್ವಿಚ್ ಇಳಿಸಿದ. ಒಳಗೆ ಟಿವಿ ನೋಡುತ್ತಿದ್ದ ತಂಗಿ ಕೂಗಿಕೊಂಡಳು. ಅವನು ಅಡುಗೆಮನೆಗೆ ಹೋಗಿ, ಸ್ಕ್ರೂಡ್ರೈವರ್ ಹಿಡಿದು, ಮಿಕ್ಸಿ ಹಾಕುವ ಪ್ಲಗ್ಗಿನ ಬೋರ್ಡನ್ನು ಬಿಚ್ಚತೊಡಗಿದ. ನಾನು ಮೊಬೈಲಿನ ಬೆಳಕು ಹಿಡಿದೆ. ಬೋರ್ಡು ಗೋಡೆಯಿಂದ ಈಚೆ ಬಂತು. ಹಿಂದೆ ಜೇಡರ ಬಲೆ, ಒಣಗಿದ ಸುಣ್ಣ, ಒಂದು ಕೆಂಪು ವೈರು, ಒಂದು ಕಪ್ಪು ವೈರು. ಮೂರು ತೂತಿನ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ಸೇರಬೇಕಾದ ಸ್ಕ್ರೂ ಹೊಳೆಯುತ್ತಿತ್ತು. ಯಾರೂ ಅದನ್ನು ಒಂದು ಸಲವೂ ಬಿಗಿ ಮಾಡಿರಲಿಲ್ಲ.

ಅಕ್ಕ ಇಪ್ಪತ್ತು ವರ್ಷದಿಂದ ಒದ್ದೆ ಕೈಯಲ್ಲಿ ಚಟ್ನಿ ರುಬ್ಬಿದ ಜಾಗ ಅದು. ಅವಳು ಬಾಗಿಲಲ್ಲಿ ನಿಂತು, 'ಏನೋ ಅದು, ಏನಾಗಿದೆ?' ಅಂದಳು. ಅವನು ಉತ್ತರ ಕೊಡಲಿಲ್ಲ. ಮಿಕ್ಸಿಯನ್ನು ಎತ್ತಿ ಅಟ್ಟದ ಮೇಲಿಟ್ಟು ಬಂದ. ಆಮೇಲೆ ಹಜಾರದ ಬೋರ್ಡು, ದೇವರಕೋಣೆಯದು, ಬಚ್ಚಲಿನದು, ಒಂದೊಂದನ್ನೇ ಬಿಚ್ಚಿ ನೋಡುತ್ತ ಹೋದ. ಅವನ ಹಿಂದೆ ಬೆಳಕು ಹಿಡಿದು ನಾನೂ ನಡೆದೆ. ಬಚ್ಚಲಿನ ಬೋರ್ಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತವನು ತಲೆಯೆತ್ತದೆ ಕೇಳಿದ: 'ಮಾಮ, ಐಟಿಐ ಅರ್ಜಿ ಯಾವಾಗಿಂದ ಕರೀತಾರೆ?'