ಮೂರನೇ ಇಯತ್ತೆಯ ಪರಮಪ್ರಸಾದ

ಅಥಣಿ ಕಡೆಯ ಲಿಂಗಾಯತರ ಮನೆಗಳಲ್ಲಿ ಮಕ್ಕಳಿಗೆ ಲಿಂಗದೀಕ್ಷೆ, ಜಂಗಮರ ಹುಡುಗರಿಗೆ ಅಯ್ಯಾಚಾರ. ಶೇಡಬಾಳ, ಉಗಾರದ ಜೈನರಲ್ಲಿ ಪಂಚಕಲ್ಯಾಣ ಪೂಜೆ ನಡೆದಾಗ ಹುಡುಗರನ್ನು ಸಾಲಾಗಿ ಕೂರಿಸಿ ಮಾಡುವ ಮೌಂಜಿಬಂಧನ. ನಿಪ್ಪಾಣಿಯ ಮುಸ್ಲಿಂ ಮನೆಯಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ. ಇವರೆಲ್ಲರ ಮಕ್ಕಳೂ ಕಾನ್ವೆಂಟ್ ಶಾಲೆಯ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಆ ಬೆಂಚಿನ ತುದಿಯಲ್ಲಿರುವ ಕಥೋಲಿಕ ಮಗುವಿಗೆ ಸರದಿ ಬರುವುದು ಮೂರನೇ ಇಯತ್ತೆಯಲ್ಲೋ ನಾಲ್ಕನೇ ಇಯತ್ತೆಯಲ್ಲೋ. ಪೂಜೆಯಲ್ಲಿ ಮಂತ್ರಿಸಿದ ರೊಟ್ಟಿಯನ್ನು ಮೊದಲ ಸಲ ಪಡೆಯುವ ಆ ಸಂಸ್ಕಾರಕ್ಕೆ ಕನ್ನಡದಲ್ಲಿ ಮೊದಲ ಪರಮಪ್ರಸಾದ ಎನ್ನುತ್ತಾರೆ. ಗೋವಾ, ಮಂಗಳೂರು ಮೂಲದ ಕೊಂಕಣಿ ಮನೆಗಳಲ್ಲಿ ಕುಮ್ಗಾರ್.

ಹುಡುಗಿಗೆ ಬಿಳಿ ಫ್ರಾಕು, ತಲೆಗೆ ನೆಟ್ಟಿನ ಮುಸುಕು, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕಿರೀಟ, ಕೈಯಲ್ಲಿ ಮೇಣದ ಬತ್ತಿ. ಹುಡುಗನಿಗೆ ಬಿಳಿ ಅಂಗಿ, ಬಿಳಿ ಪ್ಯಾಂಟು. ಈ ವೇಷದಲ್ಲಿ ಅಪ್ಪನ ಬೈಕಿನಿಂದ ಇಳಿದ ಹುಡುಗಿಯನ್ನು ನೋಡಿ ‘ಏನ ತಂಗಿ, ನಾಟಕದಾಗ ಅದೀಯೇನ?’ ಎಂದು ಕೇಳುವವರು ಚಿಕ್ಕೋಡಿಯಲ್ಲಿ ಈಗಲೂ ಸಿಗುತ್ತಾರೆ. ಅವರದೇನೂ ತಪ್ಪಿಲ್ಲ. ಈ ಸೀಮೆಯಲ್ಲಿ ಶುಭಕಾರ್ಯಕ್ಕೆ ಬಿಳಿ ಉಡುವ ರೂಢಿ ಹೆಣ್ಣುಮಕ್ಕಳಲ್ಲಿಲ್ಲ. ಜೈನರ ಊರುಗಳಲ್ಲಿ ಅಚ್ಚ ಬಿಳಿ ಸೀರೆ ಉಟ್ಟವರೆಂದರೆ ಸಂಸಾರ ಬಿಟ್ಟ ಆರ್ಯಿಕೆಯರು. ಎಂಟು ವರ್ಷದ ಹುಡುಗಿಗೆ ಬಿಳಿ ತೊಡಿಸಿ ಹಬ್ಬ ಮಾಡುವುದು ವಿಚಿತ್ರವಾಗಿ ಕಾಣದೆ ಇರುತ್ತದೆಯೇ?

ಕ್ರೈಸ್ತರಲ್ಲಿ ಇದು ಮೊದಲಿನಿಂದ ಹೀಗೇ ನಡೆದುಬಂದಿದೆ ಎಂದು ಹೊರಗಿನವರು ಮಾತ್ರವಲ್ಲ, ಅನೇಕ ಕ್ರೈಸ್ತರೂ ತಿಳಿದಿದ್ದಾರೆ. ಹಾಗಿಲ್ಲ. ಪ್ರಾಥಮಿಕ ಶಾಲೆಯ ಮಗು ಪರಮಪ್ರಸಾದ ಪಡೆಯಬೇಕೆಂಬ ನಿಯಮ ಬಂದದ್ದು 1910ರಲ್ಲಿ. ಬೆಳಗಾವಿಯ ಕೆಎಲ್ಇ ಸಂಸ್ಥೆ ಹುಟ್ಟಿದ್ದು 1916ರಲ್ಲಿ. ಅದಕ್ಕಿಂತ ಈ ಪದ್ಧತಿ ಬರೀ ಆರು ವರ್ಷ ಹಿರಿದು.

ಅದಕ್ಕೂ ಹಿಂದಿನ ಕಥೆ ಸುತ್ತುಬಳಸಿನದು. ಆರಂಭದ ಶತಮಾನಗಳಲ್ಲಿ ಹಸುಗೂಸಿಗೆ ದೀಕ್ಷಾಸ್ನಾನ ಕೊಟ್ಟ ದಿನವೇ ಪರಮಪ್ರಸಾದವನ್ನೂ ಕೊಡುತ್ತಿದ್ದರು. ಕೇರಳದ ಮಲಂಕರ ಆರ್ಥಡಾಕ್ಸ್ ಸಭೆಯಲ್ಲಿ ಇಂದಿಗೂ ಹಾಗೇ ಇದೆ. ರೋಮಿನ ಸಭೆಯಲ್ಲಿ ಆ ರೂಢಿ ಹನ್ನೆರಡು, ಹದಿಮೂರನೇ ಶತಮಾನದ ಹೊತ್ತಿಗೆ ನಿಂತುಹೋಯಿತು. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ‘ತಿಳಿವಳಿಕೆಯ ವಯಸ್ಸಿಗೆ’ ಬಂದವರೆಲ್ಲ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ, ಈಸ್ಟರ್ ಹೊತ್ತಿಗೆ ಪರಮಪ್ರಸಾದ ಪಡೆಯಬೇಕು ಎಂದಿತು. ತಿಳಿವಳಿಕೆ ಬರುವುದು ಎಷ್ಟನೇ ವಯಸ್ಸಿಗೆ ಎಂದು ಹೇಳಲಿಲ್ಲ. ಅಲ್ಲಿಂದ ಶುರುವಾಯಿತು ಎಳೆದಾಟ. ಒಬ್ಬರು ಹತ್ತು ಅಂದರು, ಇನ್ನೊಬ್ಬರು ಹನ್ನೆರಡು, ಮತ್ತೊಬ್ಬರು ಹದಿನಾಲ್ಕು.

ಬಿಳಿ ಉಡುಪು, ಮೇಣದ ಬತ್ತಿ, ಸಾಲು ಮೆರವಣಿಗೆ ಇವೆಲ್ಲ ಬೆಳೆದದ್ದು ಫ್ರಾನ್ಸಿನಲ್ಲಿ, ಹದಿನೇಳನೇ ಶತಮಾನದಿಂದ ಈಚೆಗೆ. ಹುಡುಗಿಯರ ಮುಸುಕು, ಕಿರೀಟಗಳಿಗೆ ಮದುಮಗಳ ಠೀವಿ ಬಂದದ್ದು ಹತ್ತೊಂಬತ್ತನೇ ಶತಮಾನದ ಉಳ್ಳವರ ಮನೆಗಳಿಂದ. ಆಗ ಅಲ್ಲಿ ಹನ್ನೊಂದು, ಹನ್ನೆರಡು ವರ್ಷದ ಮಕ್ಕಳಿಗೆ ಪರಮಪ್ರಸಾದ. ಬಡವರ ಮಕ್ಕಳು ಅದು ಮುಗಿದ ಮೇಲೆ ಶಾಲೆ ಬಿಟ್ಟು ಹೊಲಕ್ಕೋ ಕಾರ್ಖಾನೆಗೋ ಹೋಗುತ್ತಿದ್ದರು. ಪೂಜೆಯ ಹೆಸರಿನಲ್ಲಿ ನಡೆದರೂ ಅದು ಬಾಲ್ಯ ಮುಗಿಯಿತು ಎಂದು ಸಾರುವ ಹಬ್ಬವಾಗಿತ್ತು.

ಕರ್ನಾಟಕದ ಕಥೋಲಿಕರು ಕಿರುಪುಷ್ಪ ಎಂದು ಕರೆಯುವ ಸಂತ ತೆರೇಸಾ ಈ ವಯಸ್ಸಿನ ಲೆಕ್ಕಕ್ಕೆ ಸಿಕ್ಕಿಕೊಂಡವಳು. ಆಕೆ ಹುಟ್ಟಿದ್ದು 1873ರ ಜನವರಿ 2ರಂದು. ಆಗಿನ ಕಟ್ಟಳೆಯಲ್ಲಿ ವಯಸ್ಸನ್ನು ವರ್ಷದ ಕೊನೆಗೆ ಲೆಕ್ಕ ಹಾಕುತ್ತಿದ್ದರು. ಎರಡೇ ದಿನ ತಡವಾಗಿ ಹುಟ್ಟಿದ್ದಕ್ಕೆ ಪೂರ್ತಿ ಒಂದು ವರ್ಷ ಕಾಯಬೇಕಾಯಿತು. ಕೊನೆಗೆ 1884ರ ಮೇ 8ರಂದು, ಲಿಸ್ಯೂ ಪಟ್ಟಣದ ಕನ್ಯಾಮಠದ ಶಾಲೆಯಲ್ಲಿ, ಹನ್ನೊಂದು ತುಂಬಿದ ಮೇಲೆ ಆಕೆಗೆ ಪರಮಪ್ರಸಾದ ಸಿಕ್ಕಿತು. ಒಂದನೇ ಇಯತ್ತೆಗೆ ಸೇರಿಸುವಾಗ ಜೂನ್ ಒಂದಕ್ಕೆ ವಯಸ್ಸು ತುಂಬಿಲ್ಲ ಎಂದು ಮಗುವನ್ನು ವಾಪಸು ಕರೆತಂದ ತಂದೆತಾಯಿಗೆ ಆ ಹುಡುಗಿಯ ಸಂಕಟ ಬೇಗ ಅರ್ಥವಾದೀತು.

ಇದನ್ನು ಬದಲಿಸಿದವರು ಹತ್ತನೇ ಪಿಯುಸ್, ಇಟಲಿಯ ರಿಯೇಸೆ ಎಂಬ ಹಳ್ಳಿಯ ಬಡ ಮನೆಯಿಂದ ಬಂದ ಜಗದ್ಗುರು, ಅಂದರೆ ಪೋಪ್. 1905ರಲ್ಲೇ ಅವರು ಪ್ರತಿ ಧರ್ಮಕೇಂದ್ರದಲ್ಲೂ ಮಕ್ಕಳಿಗೆ ಕ್ರಮವಾಗಿ ಧರ್ಮೋಪದೇಶ ನಡೆಯಲೇಬೇಕೆಂದು ಪತ್ರ ಬರೆದಿದ್ದರು. 1910ರ ಆಗಸ್ಟ್ 8ರ ಆಜ್ಞೆ ಇನ್ನೂ ದೊಡ್ಡದು. ತಿಳಿವಳಿಕೆಯ ವಯಸ್ಸು ಅಂದರೆ ಸುಮಾರು ಏಳು. ಪೂಜೆಯ ರೊಟ್ಟಿಗೂ ಮನೆಯ ರೊಟ್ಟಿಗೂ ಇರುವ ಅಂತರ ಮಗುವಿಗೆ ತನ್ನ ಮಟ್ಟಿಗೆ ತಿಳಿದರೆ ಸಾಕು, ಧರ್ಮಶಾಸ್ತ್ರ ಪೂರಾ ಬಾಯಿಪಾಠ ಬರಬೇಕಿಲ್ಲ. ಫ್ರಾನ್ಸಿನ ಪಾದ್ರಿಗಳಲ್ಲಿ ಅನೇಕರು ಗೊಣಗಿದರು. ಹನ್ನೆರಡಕ್ಕೆ ಕೊಡುತ್ತೇವೆ ಎಂದರೆ ಅಲ್ಲಿಯವರೆಗಾದರೂ ಮಕ್ಕಳು ಪಾಠಕ್ಕೆ ಬರುತ್ತಾರೆ, ಏಳಕ್ಕೇ ಕೊಟ್ಟುಬಿಟ್ಟರೆ ಆಮೇಲೆ ಯಾರು ಬರುತ್ತಾರೆ ಎಂಬುದು ಅವರ ಚಿಂತೆ. ಏಳಕ್ಕೆ ಸಣ್ಣದಾಗಿ ಒಮ್ಮೆ, ಹನ್ನೆರಡಕ್ಕೆ ದೊಡ್ಡದಾಗಿ ಇನ್ನೊಮ್ಮೆ ಮಾಡಿ ಅವರು ಎರಡು ಹಬ್ಬಗಳನ್ನೂ ಉಳಿಸಿಕೊಂಡರು.

ನಮ್ಮಲ್ಲಿ ಆದ ಪರಿಣಾಮ ಬೇರೆ. ಶಾಲೆ ಬಿಡುವ ಹೊತ್ತಿನ ಹಬ್ಬ ಪ್ರಾಥಮಿಕ ಶಾಲೆಯ ನಡುಮಧ್ಯಕ್ಕೆ ಬಂತು. ಪಾದ್ರಿಯ ಕೈಯಲ್ಲಿದ್ದ ತಯಾರಿ ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ಸಿಸ್ಟರ್ ಕೈಗೆ ಹೋಯಿತು. ನನ್ನ ಎಣಿಕೆಯಲ್ಲಿ 1910ರ ಆಜ್ಞೆಯ ನಿಜವಾದ ಫಲ ಇದು. ರೋಮ್ ಬಯಸಿತ್ತೋ ಇಲ್ಲವೋ, ಕಥೋಲಿಕ ಮನೆಯ ಅತಿ ದೊಡ್ಡ ಮಕ್ಕಳ ಹಬ್ಬ ಶಾಲೆಯ ಅಕ್ಕೋರಿಗೆ ಒಪ್ಪಿಸಲ್ಪಟ್ಟಿತು.

ಆ ಅಕ್ಕೋರು ಎಲ್ಲಿಂದ ಬಂದರು? ಕರಾವಳಿಯಲ್ಲಿ ಅವರ ಇತಿಹಾಸ ಹಳೆಯದು. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು ಫ್ರಾನ್ಸಿನಿಂದ ಮಂಗಳೂರಿಗೆ ಬಂದಿಳಿದದ್ದು 1870ರ ನವೆಂಬರ್‌ನಲ್ಲಿ. ಸಂತ ಆ್ಯನ್ಸ್ ಶಾಲೆ ಅವರದು. ಫ್ರಾನ್ಸಿನ ಬಿಳಿ ಮುಸುಕು ನಮ್ಮ ಕಡೆಗೆ ಬಂದ ದಾರಿಗಳಲ್ಲಿ ಅದೂ ಒಂದು ಎನ್ನಲು ಅಡ್ಡಿಯಿಲ್ಲ. 1921ರಲ್ಲಿ ಮಂಗಳೂರಿನ ಗುರು ರೇಮಂಡ್ ಮಸ್ಕರೇನಸ್ ಬೆಥನಿ ಸಭೆ ಕಟ್ಟಿ ಅದಕ್ಕೆ ಕಿರುಪುಷ್ಪದ ಹೆಸರಿಟ್ಟರು. ತೆರೇಸಾ ಆಗಿನ್ನೂ ಸಂತಳೆಂದು ಘೋಷಿತಳಾಗಿರಲಿಲ್ಲ. ಅದು ಆದದ್ದು 1925ರಲ್ಲಿ. ಪರಮಪ್ರಸಾದಕ್ಕಾಗಿ ಕಾದು ಕುಳಿತಿದ್ದ ಹುಡುಗಿಯ ಹೆಸರಿನ ಸಭೆಯೊಂದು ಕನ್ನಡನಾಡಿನ ಹಳ್ಳಿ ಶಾಲೆಗಳಲ್ಲಿ ಸಣ್ಣ ಮಕ್ಕಳನ್ನು ಅದಕ್ಕೆ ಸಿದ್ಧಪಡಿಸುವ ಕೆಲಸಕ್ಕೆ ಇಳಿಯಿತು.

ಬೆಳಗಾವಿ ಸೀಮೆಯ ಲೆಕ್ಕ ಇನ್ನೊಂದು. ಅಥಣಿ, ರಾಯಬಾಗಗಳು ಆದಿಲಶಾಹಿಯ ಪೇಟೆಗಳಾಗಿದ್ದ ಕಾಲದಲ್ಲೇ, 1637ರಲ್ಲಿ, ಗೋವಾದ ದಿವಾರ್ ದ್ವೀಪದ ಮತೇವುಸ್ ದ ಕಾಸ್ತ್ರೊ ಅವರನ್ನು ರೋಮ್ ಬಿಷಪ್ ಮಾಡಿ ಬಿಜಾಪುರದ ಸೀಮೆಗೆ ನೇಮಿಸಿತ್ತು. ರೋಮಿನ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ ಅವರು. ಆದರೆ ಬೆಳಗಾವಿಗೆ ತನ್ನದೇ ಧರ್ಮಪ್ರಾಂತ್ಯ ಸಿಕ್ಕಿದ್ದು ಮುನ್ನೂರಕ್ಕೂ ಹೆಚ್ಚು ವರ್ಷ ಬಿಟ್ಟು, 1953ರ ಸೆಪ್ಟೆಂಬರ್ 19ರಂದು. ಮೈಕಲ್ ರೊಡ್ರಿಗಸ್ ಮೊದಲ ಧರ್ಮಾಧ್ಯಕ್ಷರು. ನಡುವೆ 1856ರಲ್ಲಿ ದಂಡಿನ ಊರಾಗಿದ್ದ ಬೆಳಗಾವಿಯಲ್ಲಿ ಸೇಂಟ್ ಪಾಲ್ಸ್ ಶಾಲೆ ತೆರೆದಿತ್ತು. ಚಿಕ್ಕೋಡಿ, ನಿಪ್ಪಾಣಿಯ ಕಡೆ ಮಾತ್ರ ಕಥೋಲಿಕರು ಎಂದೂ ದೊಡ್ಡ ಸಂಖ್ಯೆಯಲ್ಲಿ ಇದ್ದವರಲ್ಲ. ಇಡೀ ಬೆಳಗಾವಿ ಜಿಲ್ಲೆಯಲ್ಲಿ ಎಲ್ಲ ಪಂಥಗಳ ಕ್ರೈಸ್ತರು ಸೇರಿದರೂ ಶೇಕಡಾ 1 ಆಗುವುದಿಲ್ಲ.

ಇದೇ ಜಿಲ್ಲೆಯ ದೇಶನೂರಿನಲ್ಲಿ ಗೋವಾದ ಯೇಸುಸಭೆಯ ಗುರು ಅರ್ಮಾಂಡೊ ಆಲ್ವಾರಿಸ್ ‘ಸ್ವಾಮಿ ಅನಿಮಾನಂದ’ ಎಂದು ಹೆಸರಿಟ್ಟುಕೊಂಡು, ಕಾವಿ ತೊಟ್ಟು, ಸಸ್ಯಾಹಾರಿಯಾಗಿ ವಿರಕ್ತಮಠದಲ್ಲಿ ಬಾಳಿದರು. ಗುರುಗಳು ಲಿಂಗಾಯತ ಸ್ವಾಮಿಗಳ ವೇಷಕ್ಕೆ ಬಂದರು. ಶಾಲೆಯ ಹುಡುಗಿಯ ತಲೆಯ ಮೇಲೆ ಮಾತ್ರ ಫ್ರಾನ್ಸಿನ ಮುಸುಕು ಹಾಗೇ ಉಳಿಯಿತು. ಬದಲಾವಣೆ ಮಾಡುವವರು ಮಕ್ಕಳ ಹಬ್ಬಕ್ಕೆ ಕೈ ಹಚ್ಚುವುದು ಎಲ್ಲ ಕಡೆಯೂ ಕಡಿಮೆ, ಅಮ್ಮಂದಿರು ಬಿಡುವುದಿಲ್ಲ.

ಕಥೋಲಿಕರು ಇಷ್ಟು ಕಡಿಮೆ ಇರುವ ಊರುಗಳಲ್ಲಿ ಶಾಲೆಯ ಹಬ್ಬ ಒಂದು ಮತದ ಮಕ್ಕಳದಷ್ಟೇ ಆಗಿ ಉಳಿಯುವುದು ಹೇಗೆ, ಉಳಿದವರ ಮೇಲೆ ಹೇರಿಕೆಯಾಗದೆ ಇರುವುದು ಹೇಗೆ? ಅದಕ್ಕೆ ಉತ್ತರ ಸಂವಿಧಾನದಲ್ಲಿದೆ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 28ನೇ ವಿಧಿಯ ಮೂರನೇ ಉಪವಿಧಿ ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ. ಇವೆರಡರ ನಡುವೆ ಶಾಲೆಗಳು ಕಂಡುಕೊಂಡ ದಾರಿ ಸರಳ. ಗಂಟೆ ಬಾರಿಸಿದಾಗ ತರಗತಿ ಎರಡಾಗುತ್ತದೆ. ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಬೇರೆ ಕೋಣೆಗೆ ಹೋಗುತ್ತಾರೆ; ಉಳಿದವರು ಕುಳಿತಲ್ಲೇ ನೀತಿಪಾಠ ಓದುತ್ತಾರೆ. ಈ ಭಾಗದಲ್ಲಿ ಎದ್ದು ಹೋಗುವವರು ಬೆರಳೆಣಿಕೆಯವರು. ಅಲ್ಪಸಂಖ್ಯಾತ ಶಾಲೆ ಎಂಬ ಫಲಕದ ಒಳಗೆ ಆ ಅಲ್ಪಸಂಖ್ಯಾತರೇ ಅಲ್ಪಸಂಖ್ಯಾತರು.

ಬೇರೆ ಕೋಣೆಯಲ್ಲಿ ನಡೆಯುವುದು ಮುಖ್ಯವಾಗಿ ತಾಲೀಮು. ಪ್ರಾರ್ಥನೆಗಳ ಬಾಯಿಪಾಠ ಆಗುತ್ತದೆ, ಮೊದಲ ಪಾಪನಿವೇದನೆಗೆ ತಪ್ಪುಗಳ ಪಟ್ಟಿಯಾಗುತ್ತದೆ. ಅಮ್ಮನಿಗೆ ಸುಳ್ಳು ಹೇಳಿದ್ದು, ತಮ್ಮನಿಗೆ ಹೊಡೆದದ್ದು, ಪಕ್ಕದವನ ರಬ್ಬರ್ ಎತ್ತಿಕೊಂಡದ್ದು. ಮೂರಕ್ಕಿಂತ ಮುಂದೆ ಹೋಗದಿದ್ದಾಗ ಪಕ್ಕದವರ ಪಟ್ಟಿ ನೋಡಿ ಬರೆದುಕೊಳ್ಳುವುದೂ ಉಂಟು. ಆಮೇಲೆ ಇನ್ನೂ ಮಂತ್ರಿಸದ ಓಸ್ತಿಯನ್ನು, ಅಂದರೆ ಪೂಜೆಯ ರೊಟ್ಟಿಯನ್ನು, ಬಾಯಿಗಿಟ್ಟು ಅಭ್ಯಾಸ ಮಾಡಿಸುತ್ತಾರೆ. ಅಗಿಯಬಾರದು, ಅಂಗುಳಿಗೆ ಅಂಟಿದರೆ ಬೆರಳು ಹಾಕಬಾರದು.

ಈ ಓಸ್ತಿಯ ಬಗ್ಗೆ ಒಂದು ಮಾತು. ಅದು ಗೋಧಿ ಹಿಟ್ಟು ಮತ್ತು ನೀರು, ಮತ್ತೇನೂ ಇಲ್ಲ. ಹುಳಿ ಬರಿಸುವಂತಿಲ್ಲ. ತೆಳ್ಳಗೆ ಕಲಸಿದ ಹಿಟ್ಟನ್ನು ಎರಡು ಕಾದ ಕಬ್ಬಿಣದ ತಟ್ಟೆಗಳ ನಡುವೆ ಒತ್ತಿ, ಕಾಗದದಂಥ ಹಾಳೆ ಬಂದ ಮೇಲೆ ದುಂಡಗೆ ಕತ್ತರಿಸುತ್ತಾರೆ. ಬಹಳ ಕಡೆ ಇದು ಕನ್ಯಾಮಠಗಳ ಕೆಲಸ. ಈಗ ತಟ್ಟೆಗೆ ಕರೆಂಟು ಬಂದಿದೆ. ಸಭೆಯ ಕಟ್ಟಳೆ ಗೋಧಿಯ ವಿಷಯದಲ್ಲಿ ಕಟ್ಟುನಿಟ್ಟು. ಬಿಳಿಜೋಳದ ರೊಟ್ಟಿಯ ಮೇಲೆ ಬದುಕಿದ ಅಥಣಿ, ರಾಯಬಾಗದ ನೆಲದಲ್ಲಿ ಜೋಳದ ಹಿಟ್ಟಿನ ಓಸ್ತಿ ನಡೆಯುವುದಿಲ್ಲ. ಭಾಷೆ ಬದಲಾಗಬಹುದು, ಹಾರ್ಮೋನಿಯಂ ತಬಲಾ ಬರಬಹುದು, ಧಾನ್ಯ ಬದಲಾಗದು.

ಭಾಷೆ ಬದಲಾದದ್ದೂ ಹತ್ತಿರದ ಕಾಲದಲ್ಲೇ. 1963ರ ಡಿಸೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನರ ನುಡಿಯಲ್ಲಿ ಪೂಜೆಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲಿ. ಆಮೇಲೆ ಗಡಿನಾಡಿನಲ್ಲಿ ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ನಾಲ್ಕೂ ಬಂದವು. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಗುಡಿಯಲ್ಲಿ ಮತ್ತೊಂದು ನುಡಿಯಲ್ಲಿ ಪ್ರಾರ್ಥನೆ ಕಲಿಯುವ ಮಗು ಇಲ್ಲಿ ಅಪರೂಪವಲ್ಲ.

ಪೂಜೆ ಮುಗಿದ ಮೇಲೆ ಶಾಲೆಯಲ್ಲಿ ಎಲ್ಲರಿಗೂ ನಾಷ್ಟಾ. ಶಿರಾ, ಉಪ್ಪಿಟ್ಟು, ಚಹಾ, ಈಚೆಗೆ ಕೇಕು. ಇದು ಬರೀ ಉಪಚಾರವಲ್ಲ, ಇದಕ್ಕೂ ಒಂದು ಹಿನ್ನೆಲೆಯಿದೆ. ಹಿಂದೆ ಪರಮಪ್ರಸಾದ ಪಡೆಯುವವರು ನಡುರಾತ್ರಿಯಿಂದ ತೊಟ್ಟು ನೀರೂ ಕುಡಿಯದೆ ಉಪವಾಸ ಇರಬೇಕಿತ್ತು. ಏಳು ವರ್ಷದ ಮಕ್ಕಳಿಗೂ ಅದೇ ನಿಯಮ. ಅದಕ್ಕೇ ಪೂಜೆ ನಸುಕಿನಲ್ಲಿ ನಡೆಯುತ್ತಿತ್ತು, ಮುಗಿದೊಡನೆ ಮಕ್ಕಳ ಹೊಟ್ಟೆಗೆ ಏನಾದರೂ ಹಾಕುವುದು ಕನ್ಯಾಸ್ತ್ರೀಯರ ಹೊಣೆಯಾಯಿತು. ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿದ 1953ರಲ್ಲೇ ನೀರಿಗೆ ವಿನಾಯಿತಿ ಸಿಕ್ಕಿತು. 1957ರಲ್ಲಿ ಉಪವಾಸ ಮೂರು ತಾಸಿಗೆ, 1964ರಲ್ಲಿ ಒಂದು ತಾಸಿಗೆ ಇಳಿಯಿತು. ಹಸಿವು ಹೋಯಿತು, ನಾಷ್ಟಾ ಉಳಿಯಿತು. ಒಳ್ಳೆಯದೇ ಆಯಿತು. ಗುಡಿಯೊಳಗೆ ಪರಮಪ್ರಸಾದ ಪಡೆಯುವವರು ದೀಕ್ಷಾಸ್ನಾನ ಆದ ಮಕ್ಕಳು ಮಾತ್ರ. ಆದರೆ ಉಪ್ಪಿಟ್ಟಿನ ಪಂಕ್ತಿಗೆ ಯಾವ ಕಟ್ಟಳೆಯೂ ಇಲ್ಲ. ನೀತಿಪಾಠದ ಕೋಣೆಯ ಗೆಳೆಯರು ಈ ಹಬ್ಬದೊಳಗೆ ಬರುವುದು ಅಲ್ಲಿಂದ. ಈರುಳ್ಳಿ ಹಾಕದ ಉಪ್ಪಿಟ್ಟನ್ನು ಜೈನರ ಮಕ್ಕಳಿಗೆಂದು ಬೇರೆ ಇಡುವುದನ್ನು ಈ ಭಾಗದಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದಿನ ಮೆಟ್ಟಿಲು ದೃಢೀಕರಣ ಎಂಬ ಸಂಸ್ಕಾರ. ಅದು ಹೆಚ್ಚಾಗಿ ಪ್ರೌಢಶಾಲೆಯ ವಯಸ್ಸಿನಲ್ಲಿ, ಸಾಮಾನ್ಯವಾಗಿ ಧರ್ಮಾಧ್ಯಕ್ಷರ ಕೈಯಿಂದ. ಹಳೆಯ ಕ್ರಮದಲ್ಲಿ ಅದು ಪರಮಪ್ರಸಾದಕ್ಕಿಂತ ಮೊದಲು ಬರಬೇಕಾದದ್ದು. 1910ರ ಆಜ್ಞೆ ಪರಮಪ್ರಸಾದವನ್ನು ಹಿಂದಕ್ಕೆ ಎಳೆದಾಗ ಕ್ರಮ ತಿರುವುಮುರುವಾಯಿತು. ಪಂಡಿತರು ಇದರ ಬಗ್ಗೆ ಇನ್ನೂ ಚರ್ಚಿಸುತ್ತಾರೆ. ಶಾಲೆಯ ಮಟ್ಟದಲ್ಲಿ ಯಾರಿಗೂ ಅದರ ಗೊಡವೆಯಿಲ್ಲ.

ಕೊನೆಗೆ ದಾಖಲೆಯ ಮಾತು. ಸಭೆಯ ಕಾನೂನಿನಂತೆ ದೀಕ್ಷಾಸ್ನಾನದ ದಫ್ತರದಲ್ಲಿ ಮಗುವಿನ ಹೆಸರಿನ ಮುಂದೆ ಮುಂದಿನ ದೃಢೀಕರಣ, ಮದುವೆ, ಗುರುದೀಕ್ಷೆಗಳನ್ನು ನಮೂದಿಸಬೇಕು. ಮೊದಲ ಪರಮಪ್ರಸಾದ ಆ ಪಟ್ಟಿಯಲ್ಲಿಲ್ಲ. ಕೆಲವು ಧರ್ಮಕೇಂದ್ರಗಳು ಅದಕ್ಕೆ ಬೇರೆ ಪುಸ್ತಕ ಇಡುತ್ತವೆ. ಇಡದ ಕಡೆ ಉಳಿಯುವುದು ಶಾಲೆಯ ಮೆಟ್ಟಿಲ ಮೇಲೆ ತೆಗೆಸಿದ ಒಂದು ಗುಂಪಿನ ಫೋಟೊ. ಸಿಸ್ಟರ್‌ಗಳಿಗೆ ವರ್ಗವಾಗುತ್ತದೆ, ನೌಕರಿಗೆ ಬಂದ ಕುಟುಂಬಗಳು ಊರು ಬಿಡುತ್ತವೆ. ನಿಪ್ಪಾಣಿಯಲ್ಲೋ ಅಥಣಿಯಲ್ಲೋ ನಿಮ್ಮ ಮನೆಯ ಅಲ್ಬಮ್ಮಿನಲ್ಲಿ ಅಂಥ ಫೋಟೊ ಇದ್ದರೆ ಅದರ ಹಿಂದೆ ಶಾಲೆ, ವರ್ಷ, ಮಕ್ಕಳ ಹೆಸರು ಬರೆದಿಡಿ. ಕಲಿಸಿದ ಸಿಸ್ಟರ್ ಹೆಸರೂ ಇರಲಿ.