ಆಯಿ ಹಾಡಿನ ಸಿಡಿಯಿಂದ ಚಿಗವ್ವನ ಮೊಬೈಲಿಗೆ

ಶುಕ್ರವಾರ ರಾತ್ರಿ, ನಾನಿನ್ನೂ ಬೆಂಗಳೂರಿನ ಆಫೀಸಿನಲ್ಲೇ ಇದ್ದೆ. ಬಬಲೇಶ್ವರದಿಂದ ಚಿಗವ್ವನ ಫೋನ್ ಬಂತು. "ಮುಂದಿನ ತಿಂಗಳ ನಿನ್ನ ತಂಗಿ ಮದುವಿ ಐತಿ. ಅರಿಷಿಣದ ದಿನ ಆಯಿ ಹಾಡಿದ ಹಾಡು ಹಚ್ಚಬೇಕಂತ ಅಕಿ ಆಸೆ. ಆ ಸಿಡಿ ನಿಮ್ಮ ಮನ್ಯಾಗ ಐತಲ್ಲೋ ತಮ್ಮಾ?"

"ಐತಿ ಚಿಗವ್ವ. ಪೆನ್‌ಡ್ರೈವಿಗೆ ಕಾಪಿನೂ ಮಾಡಿ ಇಟ್ಟೀನಿ, ಈಗ ಕಳಸ್ತೀನಿ" ಎಂದೆ ಜಂಬದಿಂದ. ಮೂರು ವರ್ಷದ ಹಿಂದೆ ಮಾಡಿದ ಕಾಪಿ. ತೆರೆದು ನೋಡಿದರೆ ಹನ್ನೊಂದು ಫೈಲ್ ಇವೆ, ಯಾವುದೂ ಹಾಡುತ್ತಿಲ್ಲ. ಒಂದೊಂದರ ಸೈಜೂ ಸರಿಯಾಗಿ 44 ಬೈಟ್. ಕನ್ನಡದಲ್ಲಿ ಎರಡು ಮೂರು ಪದ ಬರೆದರೆ ಮುಗಿಯುವಷ್ಟು ಜಾಗ. ಅಷ್ಟರಲ್ಲಿ ಆಯಿ ಹೇಗೆ ಹಿಡಿಸಿಯಾಳು?

ಈ ತಪ್ಪು ನನ್ನೊಬ್ಬನದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಆಡಿಯೊ ಸಿಡಿಯಲ್ಲಿ ನಾವು ತಿಳಿದ ಹಾಗೆ ಫೈಲುಗಳೇ ಇರುವುದಿಲ್ಲ. ಹಾಡಿನ ಹೆಸರೂ ಸಾಮಾನ್ಯವಾಗಿ ಇರುವುದಿಲ್ಲ. ಸುರುಳಿಯಾಗಿ ಹರಿಯುವ ದನಿ, ಜೊತೆಗೆ ಯಾವ ಹಾಡು ಎಲ್ಲಿ ಶುರು ಅನ್ನುವ ಒಂದು ಪಟ್ಟಿ, ಅಷ್ಟೆ. ವಿಂಡೋಸ್ ನಮಗೆ ತೋರಿಸುವ 'ಸಿಡಿಎ' ಫೈಲುಗಳು ಆ ವಿಳಾಸದ ಚೀಟಿಗಳು ಮಾತ್ರ. ನಾನು ಮನೆ ಸಾಗಿಸುತ್ತೇನೆ ಅಂದುಕೊಂಡು ವಿಳಾಸದ ಚೀಟಿ ಸಾಗಿಸಿದ್ದೆ. ನಿಮ್ಮ ಹಳೇ ಪೆನ್‌ಡ್ರೈವಿನಲ್ಲೂ ಇಂಥ 44 ಬೈಟಿನ ಫೈಲುಗಳಿದ್ದರೆ, ಮೂಲ ಸಿಡಿಯನ್ನು ಇವತ್ತೇ ಹುಡುಕಿ.

ಆ ಸಿಡಿಯ ಕಥೆ ಇಷ್ಟು. 2006ರಲ್ಲಿ ತಿಕೋಟಾದಲ್ಲಿ ಅಕ್ಕನ ಮದುವೆ. ಅವ್ವನ ಅವ್ವ, ಅಂದರೆ ನಮ್ಮ ಆಯಿ, ಬಬಲೇಶ್ವರದಿಂದ ಎಂಟು ದಿನ ಮೊದಲೇ ಬಂದು ಕೂತಿದ್ದಳು. ಬೀಸುವ ಹಾಡು, ಸೋಬಾನ, ಅರಿಷಿಣದ ಹಾಡು, ಏನು ಕೇಳಿದರೂ ಹಾಡುತ್ತಿದ್ದಳು. ಕಾಕಾ ಅದನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದ. ಮುಂದೆ ವಿಜಯಪುರದ ಅಂಗಡಿಯೊಂದರಲ್ಲಿ ಕ್ಯಾಸೆಟ್ಟನ್ನು ಸಿಡಿಗೆ ಹಾಕಿಸಿದ. ಆಯಿ 2011ರಲ್ಲಿ ಹೋದಳು. ಕ್ಯಾಸೆಟ್ಟಿನ ಮೇಲೆ ಯಾರೋ ಸಿನಿಮಾ ಹಾಡು ತುಂಬಿಸಿಬಿಟ್ಟಿದ್ದಾರೆ. ಉಳಿದದ್ದು ಒಂದೇ ಸಿಡಿ. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ 'ಆಯಿ ಹಾಡು' ಅಂತ ಬರೆದಿದೆ. ಬರೆದವನು ನಾನೇ, ಆಗ ಎಂಟನೇ ಇಯತ್ತೆ.

ಅಂಗಡಿಯಲ್ಲಿ ಕೊಂಡ ಸಿನಿಮಾ, ವಚನ, ಶಾಸ್ತ್ರೀಯ ಸಂಗೀತದ ಸಿಡಿಗಳ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಚ್ಚಿನವು ಫೋನಿನಲ್ಲಿ ಸಿಗುತ್ತವೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾದರು. ಅವರ ಪ್ರವಚನಗಳೂ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಆದರೆ ಮನೆಯಲ್ಲಿ, ಭಜನಾ ಮಂಡಳಿಯಲ್ಲಿ, ಮೊಹರಂ ಪದದ ಮೇಳದಲ್ಲಿ ರೆಕಾರ್ಡ್ ಮಾಡಿ ಬರೆದಿಟ್ಟ ಸಿಡಿಗೆ ಎಷ್ಟೋ ಸಲ ಎರಡನೇ ಪ್ರತಿಯೇ ಇರುವುದಿಲ್ಲ. ನಮ್ಮ ಜಿಲ್ಲೆಯವರೇ ಆದ ಹಲಸಂಗಿ ಗೆಳೆಯರು 'ಗರತಿಯ ಹಾಡು' ಅಚ್ಚು ಮಾಡಿಸಿದ್ದು 1931ರಲ್ಲಿ. ಅವರಿಂದ ಪದ ಉಳಿಯಿತು. ಹಾಡಿದವರ ದನಿಯನ್ನು ಮನೆಯಲ್ಲೇ ಹಿಡಿದಿಡುವ ಅನುಕೂಲ ಆ ಕಾಲದಲ್ಲಿ ಎಲ್ಲಿತ್ತು? ನಮಗೆ ಇದೆ, ಆದರೂ ಶೋಕೇಸಿನಲ್ಲಿ ಬಿಸಿಲಿಗೆ ಇಟ್ಟಿರುತ್ತೇವೆ. ಮನೆಯಲ್ಲಿ ಬರೆದ ಸಿಡಿಯೊಳಗಿನ ಬಣ್ಣದ ಪದರ ಬಿಸಿಲು, ಸೆಕೆ ಎರಡಕ್ಕೂ ಹಾಳಾಗುತ್ತದೆ. ಹೊಳೆಯುವ ಪದರ ಇರುವುದು ಹೆಸರು ಬರೆಯುವ ಬದಿಗೇ ಹತ್ತಿರ. ಹಾಗಾಗಿ ಆ ಬದಿಯ ಗೀರು ಕೆಳಗಿನದಕ್ಕಿಂತ ಕೆಟ್ಟದ್ದು. ನನ್ನ ಬಾಲ್‌ಪೆನ್ ಅಲ್ಲೇ ಆಡಿತ್ತು.

ಮುಂದಿನ ಶನಿವಾರ ವಿಜಯಪುರದಲ್ಲಿಳಿದು ಗಾಂಧಿ ಚೌಕದ ಕಡೆ ಹೋದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. "ಈಗ ಅದನ್ನ ಯಾರ ಕೇಳ್ತಾರ್ರಿ ಸರ?" ಅನ್ನುತ್ತಲೇ ಅಂಗಡಿಯವರು ಮೇಲಿನ ಕಪಾಟಿನಿಂದ ಧೂಳು ಹಿಡಿದ ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ತೆಗೆದುಕೊಟ್ಟರು. ಸಾವಿರದ ಐನೂರರ ಆಸುಪಾಸು. ಅಲ್ಲಿಂದ ಅಥಣಿ ರಸ್ತೆಯ ಬಸ್ಸು. ದಾರಿಯಲ್ಲಿ ತೊರವಿ ಬಂತು. ಸಂಗೀತದ ಹುಚ್ಚಿದ್ದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ನವರಸಪುರ ಕಟ್ಟಲು ಹೊರಟ ಜಾಗ. ಸಂಗೀತ ಮಹಲಿನ ಗೋಡೆ ಇನ್ನೂ ನಿಂತಿವೆ, ಅಲ್ಲಿ ಹಾಡಿದವರ ದನಿ ಹೋಯಿತು. ಚೀಲದೊಳಗಿನ ಡ್ರೈವನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.

ಈಗ ಕೆಲಸದ ಮಾತು. ಗುಂಡಿ ಒತ್ತಿದರೆ ಸಾಕು ಅನ್ನುವ ಸಾಫ್ಟ್‌ವೇರುಗಳು ಬೇಕಾದಷ್ಟಿವೆ. ಆದರೆ ಹಲವು ಸಾಫ್ಟ್‌ವೇರುಗಳು ಸಿಡಿ ಓದಲಾಗದ ಕಡೆ ಹೇಗೋ ತೇಪೆ ಹಚ್ಚಿ 'ಮುಗಿಯಿತು' ಅಂದುಬಿಡುತ್ತವೆ. ಒಂದೇ ಪ್ರತಿ ಇದ್ದಾಗ ನನಗೆ ಬೇಕಾದ್ದು ಸುಳ್ಳು ಹೇಳದ ಸಾಫ್ಟ್‌ವೇರ್. ಅದಕ್ಕೇ ಲಿನಕ್ಸಿನ ಕಪ್ಪು ಪರದೆಗೆ ಹೋದೆ. ವಿಂಡೋಸ್ ತೆಗೆಯಬೇಕಿಲ್ಲ, ಉಬುಂಟುವನ್ನು ಪೆನ್‌ಡ್ರೈವಿನಿಂದಲೇ ಓಡಿಸಬಹುದು. ಒಂದೇ ಎಚ್ಚರಿಕೆ: ಹಾಗೆ ಓಡಿಸಿದಾಗ ಡೆಸ್ಕ್‌ಟಾಪಿನಲ್ಲಿಟ್ಟ ಫೈಲು ಬಂದ್ ಮಾಡಿದ ಕೂಡಲೇ ಮಾಯ. ಬೇರೆ ಡಿಸ್ಕಿಗೆ ಉಳಿಸಿಕೊಳ್ಳಿ.

ಸಾಫ್ಟ್‌ವೇರಿನ ಹೆಸರು ಸಿಡಿಪ್ಯಾರನಾಯಾ. ಹೆಸರಿನಲ್ಲೇ ಸಂಶಯ ಇದೆ, ಗುಣವೂ ಹಾಗೇ. ಒಮ್ಮೆ ಓದಿದ್ದನ್ನು ನಂಬುವುದಿಲ್ಲ. ಒಂದರ ಮೇಲೊಂದು ಬರುವಂತೆ ತುಂಡು ತುಂಡಾಗಿ ಓದಿ, ತಾಳೆ ನೋಡಿ, ಹೊಂದದಿದ್ದರೆ ಮತ್ತೆ ಓದುತ್ತದೆ. ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬಿಡದೆ ಟೈಪ್ ಮಾಡಿ, ಒಂದು ಸ್ಪೇಸ್ ಕೊಟ್ಟು, ಅಡ್ಡಗೆರೆ ಮತ್ತು ದೊಡ್ಡಕ್ಷರದ 'ಕ್ಯೂ' ಒತ್ತಿದರೆ ಸಿಡಿಯಲ್ಲಿ ಎಷ್ಟು ಹಾಡು, ಎಷ್ಟು ಉದ್ದ ಅಂತ ಹೇಳುತ್ತದೆ. ನಮ್ಮದರಲ್ಲಿ 11 ಹಾಡು, 41 ನಿಮಿಷ. 'ಕ್ಯೂ' ಬದಲು ದೊಡ್ಡ 'ಬಿ' ಕೊಟ್ಟರೆ ಹಾಡಿಗೊಂದರಂತೆ ವೇವ್ ಫೈಲು ತೆಗೆಯಲು ಶುರು. ಅದಕ್ಕೂ ಮೊದಲು ಸಿಡಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತಿ ಸುತ್ತಿ ಒರೆಸಬೇಡಿ.

ಈ ಸಾಫ್ಟ್‌ವೇರಿನಲ್ಲಿ ನನಗೆ ಭಾಳ ಹಿಡಿಸಿದ್ದು ಅದರ ಮುಖ. ಓದುತ್ತಾ ಹೋದಂತೆ ಪರದೆಯ ಬಲಗಡೆ ಒಂದು ಪುಟ್ಟ ಮುಖ ಬರುತ್ತದೆ. ಎಲ್ಲ ಸರಿ ಇದ್ದರೆ :-) ಅಂತ ನಗುತ್ತದೆ. ಗೀರು ಸಿಕ್ಕರೆ :-( ಆಗುತ್ತದೆ. ಸರಿಪಡಿಸುವ ಪ್ರಯತ್ನ ಕೈಬಿಟ್ಟಾಗ ;-( ಅಂತ ಕಣ್ಣೀರು. ಅವ್ವ ಪಕ್ಕದಲ್ಲಿ ಕೂತು ಚಾ ಸೋಸುತ್ತಾ ಕೇಳಿದಳು, "ಅದ್ಯಾಕ ಅಷ್ಟ ದಿಟ್ಟಿಸಿ ನೋಡಾಕತ್ತಿ?" ಮುಖ ತೋರಿಸಿದೆ. ಆಮೇಲೆ ಅವಳೂ ಅಲ್ಲೇ ಕೂತಳು.

ಆರು ಹಾಡು ನಗುನಗುತ್ತಾ ಬಂದವು. ಏಳನೆಯದರಲ್ಲಿ ಮುಖ ಸಪ್ಪಗಾಯಿತು, ಡ್ರೈವ್ ಗುರ್ ಗುರ್ ಅನ್ನತೊಡಗಿತು, ಕೊನೆಗೆ ಕಣ್ಣೀರು. ಸಿಡಿಯೊಳಗೆ ದನಿಯನ್ನು ಚದುರಿಸಿ, ತಪ್ಪು ತಿದ್ದುವ ಲೆಕ್ಕ ಸೇರಿಸಿ ಬರೆದಿರುತ್ತಾರೆ. ಎರಡೂವರೆ ಮಿಲಿಮೀಟರಿನಷ್ಟು ಗೀರನ್ನೂ ಅದು ತಾಳಿಕೊಳ್ಳಬಲ್ಲದು. ಅದಕ್ಕೂ ಮೀರಿದರೆ ಪ್ಲೇಯರ್ ಅಂದಾಜಿನಲ್ಲಿ ತುಂಬುತ್ತದೆ, ಇಲ್ಲವೇ 'ಟಿಕ್' ಅನ್ನುತ್ತದೆ. ಅಡ್ಡಗೆರೆ, ದೊಡ್ಡ 'ಎಸ್', 4 ಅಂತ ಕೊಟ್ಟು ವೇಗ ತಗ್ಗಿಸಿ ನೋಡಿದೆ. ಸಣ್ಣ 'ಝಡ್' ಕೊಟ್ಟು, ಬಿಡದೆ ಮತ್ತೆ ಮತ್ತೆ ಓದಿಸಿದೆ. ರಾತ್ರಿ ಹನ್ನೊಂದಾದರೂ ಸುಮಾರು ಮೂರು ಸೆಕೆಂಡು ಸಿಗಲೇ ಇಲ್ಲ.

ಮರುದಿನ ಸಿಡಿ ಹಿಡಿದು ಮತ್ತೆ ವಿಜಯಪುರ. ಗೆಳೆಯನ ಆಫೀಸಿನಲ್ಲಿ ಮೂಲೆ ಸೇರಿದ ಹಳೇ ಡೆಸ್ಕ್‌ಟಾಪ್ ಒಂದಿತ್ತು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಹಾಗೇ ಆಯಿತು. ಮೂರು ಸೆಕೆಂಡಿನ ತೂತು ಅರ್ಧ ಸೆಕೆಂಡಿಗೆ ಇಳಿಯಿತು. ಆ ಅರ್ಧ ಸೆಕೆಂಡು ಈಗಲೂ ಹಾಗೇ ಇದೆ. ಅದನ್ನು ಮುಚ್ಚುವ ಆಟ ನಾನು ಆಡಲಿಲ್ಲ.

ಇನ್ನು ಸೈಜು. ಸಿಡಿ ಒಂದು ಸೆಕೆಂಡಿನ ದನಿಗೆ 44,100 ಅಳತೆ ತೆಗೆಯುತ್ತದೆ, ಎರಡು ಚಾನೆಲ್, ಒಂದೊಂದು ಅಳತೆಗೆ 16 ಬಿಟ್. ಹೀಗೆ 41 ನಿಮಿಷಕ್ಕೆ ಸುಮಾರು 430 ಎಂಬಿ. ಮೊದಲು ಎಲ್ಲವನ್ನೂ ಫ್ಲ್ಯಾಕ್ ಮಾಡಿಟ್ಟೆ. ಅದರಲ್ಲಿ ಸೈಜು ಸುಮಾರು ಅರ್ಧವಾದರೂ ದನಿ ಒಂದು ಚೂರೂ ಕಳೆಯುವುದಿಲ್ಲ, ಬೇಕಾದಾಗ ಮೂಲದಂತೆಯೇ ಬಿಚ್ಚಬಹುದು. ಎಂಪಿ3 ಹಾಗಲ್ಲ. ಕಿವಿಗೆ ಅಷ್ಟಾಗಿ ತಿಳಿಯದ್ದನ್ನು ಕಿತ್ತು ಬಿಸಾಡುತ್ತದೆ, ಅದು ಮತ್ತೆ ಬಾರದು. ನೇರ ಎಂಪಿ3 ಮಾಡಿ ಸಿಡಿ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಚಿಗವ್ವನ ಫೋನಿಗೆ ಎಂಪಿ3ಯೇ ಸರಿ. ಓಪಸ್ ಅನ್ನುವುದು ಅದಕ್ಕಿಂತ ಒಳ್ಳೆಯದು, ವಾಟ್ಸಾಪಿನ ವಾಯ್ಸ್ ಮೆಸೇಜೂ ಅದರಲ್ಲೇ ಹೋಗುವುದು. ಆದರೂ ಮದುವೆ ಮನೆಯ ಸೌಂಡ್ ಸಿಸ್ಟಮ್ಮಿಗೆ ಅದು ಗೊತ್ತಿರುತ್ತದೋ ಇಲ್ಲವೋ. ಲೇಮ್ ಅನ್ನುವ ಪುಟ್ಟ ಸಾಫ್ಟ್‌ವೇರಿಗೆ ಒಂದೇ ಚಾನೆಲ್, 96 ಕೆಬಿಪಿಎಸ್ ಅಂತ ಹೇಳಿದೆ. ಕಾಕಾನ ಟೇಪ್‌ರೆಕಾರ್ಡರಿಗೆ ಇದ್ದದ್ದೇ ಒಂದು ಮೈಕು, ಎರಡು ಚಾನೆಲ್ ಇಟ್ಟು ಉಪಯೋಗವಿಲ್ಲ. ಹನ್ನೊಂದೂ ಸೇರಿ 30 ಎಂಬಿಯೊಳಗೆ ಬಂದವು. ವಾದ್ಯ ತುಂಬಿದ ಕೊಂಡ ಸಿಡಿಯಾದರೆ ಇಷ್ಟು ಹಿಂಡಬೇಡಿ, ಲೇಮ್‌ನ 'ವಿ 2' ಗುಣಮಟ್ಟ ಇರಲಿ. ಕೊಂಡದ್ದನ್ನು ನಿಮ್ಮ ಫೋನಿಗೆ ಹಾಕಿಕೊಳ್ಳುವುದು ಬೇರೆ, ಇನ್ನೂರು ಜನರ ಗ್ರೂಪಿಗೆ ಹಂಚುವುದು ಬೇರೆ, ಅದೂ ನೆನಪಿರಲಿ.

ಇಷ್ಟನ್ನೂ ಒಂದೇ ಏಟಿಗೆ ಮಾಡುವ 'ಎಬಿಸಿಡಿಇ' ಅನ್ನುವ ಸಾಫ್ಟ್‌ವೇರ್ ಇದೆ. ಹಾಡುಗಳ ಉದ್ದದ ಪಟ್ಟಿ ನೋಡಿ, ಮ್ಯೂಸಿಕ್‌ಬ್ರೇನ್ಜ್‌ನಂಥ ಆನ್‌ಲೈನ್ ಕೋಶದಿಂದ ಹೆಸರು ತಂದು ಹಚ್ಚುತ್ತದೆ. ಕೊಂಡ ಸಿಡಿಗಳಿಗೆ ಅದೇ ಸಲೀಸು. ನಮ್ಮ ಸಿಡಿ ಹಾಕಿದರೆ ಹಾಡಿದವರು 'ಗೊತ್ತಿಲ್ಲ' ಅಂತ ಬಂತು.

ಹೆಸರು ಹೇಳಲು ಚಿಗವ್ವನೇ ಬೇಕಾಯಿತು. ಒಂದೊಂದೇ ಹಾಡು ಕಳಿಸಿದೆ, ಆಕೆ ಫೋನಿನಲ್ಲಿ ಹೇಳುತ್ತಾ ಹೋದಳು. "ಇದು ಬೀಸೂ ಹಾಡು. ಇದು ಸುರಗಿ ಸುತ್ತೂ ಮುಂದ ಹಾಡೂದು. ಇದು ತೊಟ್ಟಲದ್ದು, ಮದುವ್ಯಾಗ ಯಾಕ ಹಾಡಿದಳೋ ಏನೋ." ನಾನು ಮುಂದೆ ಸಂಖ್ಯೆ, ಹಿಂದೆ ಹೆಸರು ಟೈಪ್ ಮಾಡುತ್ತಾ ಹೋದೆ. ಕನ್ನಡದ ಹೆಸರು ಕೆಲವು ಕಾರ್ ಸ್ಟೀರಿಯೊಗಳಲ್ಲಿ ಬರೀ ಡಬ್ಬಿಗಳಾಗಿ ಕಾಣುತ್ತದೆ, ಸಂಖ್ಯೆ ಇದ್ದರೆ ಹಾಡಿನ ಕ್ರಮವಾದರೂ ತಪ್ಪುವುದಿಲ್ಲ. ಏಳನೆಯದು ಕಳಿಸಿದಾಗ ಮಾತ್ರ ಚಿಗವ್ವ ಬಹಳ ಹೊತ್ತು ಸುಮ್ಮನಿದ್ದಳು.

"ಅರ್ಧ ಸೆಕೆಂಡ್ ಹೋಗೇತಿ ಚಿಗವ್ವ, ಎಷ್ಟ ಮಾಡಿದ್ರೂ ಬರಲಿಲ್ಲ" ಅಂದೆ.

"ಅದಲ್ಲೋ" ಅಂದಳು. "ಇದು ಆಯಿ ಅಲ್ಲ. ಅಕಿಗೆ ದಮ್ಮು ಹತ್ತಿತ್ತು, ನೀ ಹಾಡವ್ವಾ ಅಂದಿದ್ದಳು. ಇದು ನಾನು."

ಆ ಫೈಲಿಗೆ ಚಿಗವ್ವನ ಹೆಸರು ಹಾಕಿದೆ. ಡ್ರೈವನ್ನು ತಿಕೋಟಾದಲ್ಲೇ ಬಿಟ್ಟು ಬಂದಿದ್ದೇನೆ. ಬಬಲೇಶ್ವರದಿಂದ ಇನ್ನೂ ಆರು ಸಿಡಿ ಬಂದಿವೆಯಂತೆ. ಒಂದರ ಮೇಲೆ ಏನೂ ಬರೆದಿಲ್ಲ.